ಜೋಡಿ ಟ್ಯೂಬ್: ಹಾವು ಕಡಿತಕ್ಕೆ ಸಿಂಧನೂರಿನಲ್ಲಿ ನಾನು ಮಾಡಿದ್ದು, ಕೆಡಿಸಿದ್ದು

ಹೋದ ಆಗಸ್ಟ್‌ನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ನಮ್ಮ ಕಡೆಯ ಹಿರಿಯ ಫಿಜಿಷಿಯನ್ ಒಬ್ಬರು. "ನಮ್ಮ ಹೊಲದ ಆಳಿಗೆ ಹಾವು ಕಡದೈತ್ರಿ. ನಿಮ್ದು ಆ ಟ್ಯೂಬ್ ಆಟ ಐತಲ್ಲ, ಅದನ್ನ ಮಾಡ್ರಿ, ಕಳಸ್ತೀನಿ" ಅಂದರು. ನಾಲ್ಕು ವರ್ಷದ ಹಿಂದೆ ಡಾಕ್ಟರುಗಳ ಮೀಟಿಂಗ್‌ನಲ್ಲಿ ನಾನು ಇದೇ ಟ್ಯೂಬಿನ ಮಾತು, ಅಂದರೆ ರಕ್ತ ಹೆಪ್ಪಾಗುತ್ತದೋ ಇಲ್ಲವೋ ಎಂದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಇಟ್ಟು ನೋಡುವ ಟೆಸ್ಟಿನ ಮಾತು ತೆಗೆದಾಗ, ಎಲ್ಲರೆದುರು ಮೊದಲು ನಕ್ಕವರು ಇವರೇ. "ಕಾಲು ಬಾತು ಬಂದವನ ಮುಂದ ಇಪ್ಪತ್ತು ನಿಮಿಷ ಕೈ ಕಟ್ಟಿ ಕೂಡ್ತೀಯೇನಪ್ಪಾ?" ಎಂದು ಕೇಳಿದ್ದರು. ಆಳು ಬದುಕಿದ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು ಅನ್ನಿ.

ನನ್ನದು ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಂ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಕೇಸು ಶುರು. ಗದ್ದೆ ಕಡೆಯಿಂದ ಕೊಳಕುಮಂಡಲ, ಲಿಂಗಸುಗೂರು, ಕುಷ್ಟಗಿ ಕಡೆಯ ಕಲ್ಲುನೆಲದಿಂದ ಗರಗಸ ಮಂಡಲ. ನಾಗರ, ಕಟ್ಟುಹಾವು ಎಲ್ಲಾ ಕಡೆ. ಮೊದಲಿನ ವರ್ಷಗಳಲ್ಲಿ ನಾನೂ ಎಲ್ಲರಂತೆ ಟಿಟಿ ಕೊಟ್ಟು, ಸಲೈನ್ ಹಚ್ಚಿ, ಚೀಟಿ ಬರೆದು ಕಳಿಸುತ್ತಿದ್ದೆ. ರಾಯಚೂರಾದರೂ ಬಳ್ಳಾರಿಯಾದರೂ ಎಂಬತ್ತು ತೊಂಬತ್ತು ಕಿಲೋಮೀಟರ್. ಹತ್ತು ಜನ ಬಂದರೆ ಎಂಟು ಜನರನ್ನು ಕಳಿಸಿಬಿಡುತ್ತಿದ್ದೆ. ಅವರಲ್ಲಿ ಒಬ್ಬ ಹೆಣ್ಣುಮಗಳು ದಾರಿಯಲ್ಲೇ ಹೋದಳು. ಅವಳ ಗಂಡ ಮರುವಾರ ಬಂದು ಆಂಬುಲೆನ್ಸ್ ಬಿಲ್ಲಿಗೆ ನನ್ನ ಸಹಿ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಟೆಸ್ಟ್ ಹಿಡಿದೆ. ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ, ಮಾಡುವವರು ಕಡಿಮೆ. ರಕ್ತನಾಳದಿಂದ 2 ಮಿಲಿ ರಕ್ತ, ಒಣಗಿದ ಗಾಜಿನ ಟ್ಯೂಬು, 20 ನಿಮಿಷ ಮುಟ್ಟದೆ ಬಿಡುವುದು, ಒಂದೇ ಸಲ ಬಗ್ಗಿಸಿ ನೋಡುವುದು. ನೀರಿನಂತೆ ಹರಿದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಂಡಲದ ವಿಷ ಏರಿದೆ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಶುರು ಮಾಡು.

ಮೊದಲ ಸೀಸನ್ನು ಪೂರಾ ಹಾಳು ಮಾಡಿದೆ. ಗಾಜಿನ ಟ್ಯೂಬು ಸಿಗುತ್ತಿರಲಿಲ್ಲ. ಲ್ಯಾಬಿನಲ್ಲಿ ಹಳೆಯವು ಒಂದು ಡಜನ್ ಇದ್ದವು. ಸಿಸ್ಟರ್ ಬಹಳ ಶಿಸ್ತಿನವರು, ಪ್ರತಿ ಸಲ ಸೋಪಿನ ಪುಡಿ ಹಾಕಿ ಫಳಫಳ ಹೊಳೆಯುವಂತೆ ತೊಳೆದು ಇಡುತ್ತಿದ್ದರು. ಮಸ್ಕಿ ಕಡೆಯ ಒಬ್ಬ ರೈತ ಬಂದ. ಕಾಲಿನಲ್ಲಿ ಎರಡು ಗುರುತು, ಬಾವು ಅಷ್ಟಕ್ಕಷ್ಟೆ. ಟ್ಯೂಬು ಬಗ್ಗಿಸಿದರೆ ರಕ್ತ ಹರಿಯಿತು. ಎಎಸ್‌ವಿ 10 ವಯಲ್ (ಸಣ್ಣ ಬಾಟಲಿ) ಕೊಟ್ಟೆ. ಆರು ಗಂಟೆ ಬಿಟ್ಟು ನೋಡಿದರೆ ಮತ್ತೆ ಹರಿಯಿತು. ಇನ್ನೂ 10. ಎರಡನೇ ಸುತ್ತಿನಲ್ಲಿ ಅವನಿಗೆ ಮೈಯೆಲ್ಲಾ ದದ್ದು, ಬಿಪಿ ಬಿತ್ತು, ನನ್ನ ಜೀವ ಬಾಯಿಗೆ ಬಂತು. ಅಡ್ರಿನಲಿನ್ ಕೊಟ್ಟು ಮೇಲೆತ್ತಿದೆ. ಆದರೂ ಅವನ ಒಸಡು, ಮೂತ್ರ ಎಲ್ಲೂ ರಕ್ತದ ಹನಿ ಇಲ್ಲ. ಬೆಳಗಿನ ಜಾವ ಸುಮ್ನೆ ಅನುಮಾನಕ್ಕೆ ನನ್ನ ಕೈಯಿಂದಲೇ 2 ಮಿಲಿ ತೆಗೆದು ಅದೇ ಡಜನ್‌ನ ಇನ್ನೊಂದು ಟ್ಯೂಬಿಗೆ ಹಾಕಿ ಕೂತೆ. 20 ನಿಮಿಷ ಆಯಿತು. ಬಗ್ಗಿಸಿದೆ. ನೀರು! ಆ ಲೆಕ್ಕದಲ್ಲಿ ನನಗೂ ಹಾವು ಕಚ್ಚಿತ್ತು.

ಗಾಜಿನ ಮೈ ತಾಗಿದರೆ ತಾನೆ ರಕ್ತ ಹೆಪ್ಪಾಗುವುದು. ಸೋಪಿನ ಪಸೆ ಗಾಜಿಗೆ ಅಂಗಿ ತೊಡಿಸಿದ ಹಾಗೆ ಕೂತುಬಿಡುತ್ತದೆ. ಪ್ಲಾಸ್ಟಿಕ್ ಟ್ಯೂಬಿನಲ್ಲೂ ಅದೇ ಗತಿ. ಲ್ಯಾಬಿನವರು ರಕ್ತ ತೆಗೆಯುವ ಕೆಂಪು ಮುಚ್ಚಳದ ಟ್ಯೂಬು, ವ್ಯಾಕ್ಯೂಟೇನರ್, ಇದಕ್ಕೆ ಉಲ್ಟಾ, ಅದರೊಳಗೆ ಹೆಪ್ಪುಗಟ್ಟಿಸುವ ಪುಡಿಯೇ ಇರುತ್ತದೆ. ಮೂರೂ ಬೇಡ. ಆ ರೈತನಿಗೆ ಎರಡನೇ ಹತ್ತು ವಯಲ್ಲಿನ ದುಡ್ಡು ವಾಪಸ್ ಕೊಟ್ಟೆ, ಸುಮಾರು ಐದೂವರೆ ಸಾವಿರ. ಮೊದಲ ಹತ್ತೂ ದಂಡವೇ ಆಗಿರಬಹುದು, ಅದನ್ನು ಕೊಡಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಅಂದಿನಿಂದ ಟ್ಯೂಬು ಹೊಸದು, ಒಂದು ಸಲ ಬಳಸಿ ಬಿಸಾಡುವುದು. ಒಂದಕ್ಕೆ ಎರಡು ಮೂರು ರೂಪಾಯಿ ಬೀಳುತ್ತದೆ. ಅಷ್ಟಕ್ಕೆ ನಂಬಿಕೆ ಬರಲಿಲ್ಲ, ಜೋಡಿ ಶುರು ಮಾಡಿದೆ. ರೋಗಿಯ ಟ್ಯೂಬಿನ ಪಕ್ಕ ಜೊತೆಗೆ ಬಂದವರಲ್ಲಿ ಒಬ್ಬರ ರಕ್ತ ಇನ್ನೊಂದು ಟ್ಯೂಬಿನಲ್ಲಿ. ಎರಡನ್ನೂ ಒಂದೇ ಬಾಕ್ಸಿನಿಂದ ತೆಗೆದು, ಒಂದೇ ಸ್ಟ್ಯಾಂಡಿನಲ್ಲಿ ಇಟ್ಟು, ಒಂದೇ ಗಡಿಯಾರ ನೋಡುವುದು. ಸಂಬಂಧಿಕರದ್ದು ಗಟ್ಟಿಯಾಗಿ ರೋಗಿಯದ್ದು ಹರಿದರೆ ಅನುಮಾನವೇ ಇಲ್ಲ. ಎರಡೂ ಹರಿದರೆ ಟ್ಯೂಬು ಕೆಟ್ಟದ್ದು. ಸಂಶಯ ಬಂದರೆ ಆರೋಗ್ಯವಂತರ ರಕ್ತದ ಜೊತೆ ಹೋಲಿಸಿ ಎಂದು ಡಬ್ಲ್ಯುಎಚ್‌ಒ ಪುಸ್ತಕದಲ್ಲೇ ಇದೆ, ನಾನೇನೂ ಕಂಡುಹಿಡಿದಿಲ್ಲ. ಆದರೆ ಸಂಶಯ ಬರಲಿ ಬಿಡಲಿ ಪ್ರತಿ ಕೇಸಿಗೂ ಮಾಡುವವರನ್ನು ನಮ್ಮ ಸುತ್ತಮುತ್ತ ನಾನು ನೋಡಿಲ್ಲ.

ಜೋಡಿ ಟ್ಯೂಬಿನಿಂದ ನಾನು ಎಣಿಸದೇ ಇದ್ದ ಇನ್ನೊಂದು ಲಾಭ ಆಯಿತು. ಮೊದಲು ಎಎಸ್‌ವಿ ರೇಟು ಹೇಳಿದ ಕೂಡಲೇ ಹೊರಗೆ ಪಂಚಾಯ್ತಿ ಕೂಡುತ್ತಿತ್ತು. ಒಬ್ಬ ಮಂತ್ರ ಹಾಕುವವರ ಹತ್ತಿರ ಹೋಗೋಣ ಅನ್ನುವವ, ಇನ್ನೊಬ್ಬ ಬೇರು ಅರೆದು ಕೊಡುವವರ ಫೋನ್ ನಂಬರ್ ಹುಡುಕುವವ. ಈಗ ಇಬ್ಬರನ್ನು ಒಳಗೆ ಕರೆದು ಸ್ಟ್ಯಾಂಡಿನ ಮುಂದೆ ಕೂರಿಸುತ್ತೇನೆ. ತನ್ನ ರಕ್ತ ಮೊಸರಿನಂತೆ ಗಟ್ಟಿಯಾಗಿ, ತಲೆಕೆಳಗೆ ಮಾಡಿದರೂ ಬೀಳದೆ ನಿಂತದ್ದು, ತಮ್ಮನ ರಕ್ತ ಕೆಂಪು ನೀರಾಗಿ ಓಡಾಡಿದ್ದು ಕಂಡಮೇಲೆ ಯಾರೂ ಮಾತಾಡುವುದಿಲ್ಲ. ಹೋದ ವರ್ಷ ಒಬ್ಬ ಅಜ್ಜಿ "ಅದಕ್ಕ ಮೊದ್ಲ ಔಷಧ ಹಾಕ್ರೀ ಯಪ್ಪಾ, ನನ್ನ ಬೋರಮಾಳ ಮಾರ್ತೀನಿ" ಎಂದು ಅಳುತ್ತಾ ಕೂತಳು. ಮಾರುವುದು ಬೇಡ, ತಾಲ್ಲೂಕು ಆಸ್ಪತ್ರೆಯಲ್ಲಿ ಎಎಸ್‌ವಿ ಪುಕ್ಕಟೆ ಇದೆ ಎಂದು ನಾನೇ ಹೇಳಿದೆ. ಸರ್ಕಾರಿ ಕಡೆ ಸ್ಟಾಕ್ ಇದ್ದರೆ ಮೊದಲು ಅಲ್ಲಿಗೇ ಹೋಗಿ ಅನ್ನುವುದು ನನ್ನ ಪದ್ಧತಿ. ಧಂದೆಗೆ ಇದು ಒಳ್ಳೆಯದಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಲಿ. ಯಾರ ರಕ್ತ ಜೋಡಿಗೆ ತೆಗೆಯಬೇಕು ಎನ್ನುವುದರಲ್ಲೂ ಒಂದು ಯುಕ್ತಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ, ಮಾತ್ರೆ ಏನಾದರೂ ತಗೋತಾರಾ ಕೇಳಿಕೊಳ್ಳಿ. ಒಮ್ಮೆ ಹುಡುಗನ ಅಪ್ಪನ ರಕ್ತ ತೆಗೆದರೆ ಎರಡೂ ಟ್ಯೂಬು ಹರಿದವು. ಹೊಸ ಬಾಕ್ಸು ಒಡೆದೆ. ಮತ್ತೆ ಹರಿದವು. ಸಪ್ಲೈ ಮಾಡಿದವನಿಗೆ ರಾತ್ರಿ ಒಂದಕ್ಕೆ ಫೋನ್ ಮಾಡಿ ಬೈದೆ. ಆಮೇಲೆ ಗೊತ್ತಾಯಿತು, ಅಪ್ಪನಿಗೆ ಹೃದಯದ ವಾಲ್ವ್ ಬದಲಿಸಿದೆ, ರಕ್ತ ತೆಳುವಾಗುವ ಮಾತ್ರೆ ಮೇಲಿದ್ದಾರೆ!

ಇಪ್ಪತ್ತು ನಿಮಿಷದಲ್ಲೇ ಎಡವಿದ್ದೂ ಇದೆ. ಒಬ್ಬ ಸಿಸ್ಟರ್‌ಗೆ ತಾಳ್ಮೆ ಇಲ್ಲ, ಐದೈದು ನಿಮಿಷಕ್ಕೆ ಎತ್ತಿ ಅಲುಗಾಡಿಸಿ ನೋಡುತ್ತಿದ್ದಳು. ಇನ್ನೊಬ್ಬ ಹುಡುಗ ಮೊಬೈಲಿನಲ್ಲಿ ಟೈಮರ್ ಇಟ್ಟು ಅದರಲ್ಲೇ ರೀಲ್ಸ್ ನೋಡುತ್ತಾ ಮರೆತ. ಈಗ ಅಡುಗೆಮನೆಯ ಟೈಮರ್ ಒಂದನ್ನು ಸ್ಟ್ಯಾಂಡಿಗೇ ಕಟ್ಟಿದ್ದೇನೆ. ನನ್ನ ದೊಡ್ಡ ತಪ್ಪು ಮಾತ್ರ ಬೇರೆ. ಕುಷ್ಟಗಿ ಕಡೆಯಿಂದ ಒಬ್ಬ ಕಚ್ಚಿದ ಅರ್ಧ ಗಂಟೆಗೆ ಬೈಕಿನಲ್ಲಿ ಬಂದುಬಿಟ್ಟ. ರಕ್ತ ಹೆಪ್ಪಾಯಿತು. ಖುಷಿಯಲ್ಲಿ ಮನೆಗೆ ಕಳಿಸಿದೆ. ಮರುದಿನ ಒಸಡಿನಲ್ಲಿ ರಕ್ತ ಸೋರುತ್ತಾ ಬಂದ. ಬೇಗ ಬಂದವರಲ್ಲಿ ಮೊದಲ ಟೆಸ್ಟ್ ಏನೂ ಹೇಳುವುದಿಲ್ಲ. ಮೊದಲ ಮೂರು ಗಂಟೆ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ, 24 ಗಂಟೆ ಒಳಗೇ ಇರಬೇಕು. ಅತ್ತು ಕರೆದರೂ ಬಿಡುವುದಿಲ್ಲ.

ಶ್ರೀಲಂಕಾದಲ್ಲಿ ಕೊಳಕುಮಂಡಲದ ರೋಗಿಗಳ ಮೇಲೆ ಈ ಟೆಸ್ಟನ್ನು ಎರಡು ಸಲ ಅಳೆದಿದ್ದಾರೆ. 2013ರಲ್ಲಿ ಬಂದ ವರದಿಯಲ್ಲಿ, ಆಸ್ಪತ್ರೆಯಲ್ಲಿ ಮಾಮೂಲಿಯಾಗಿ ಮಾಡಿದ್ದರಲ್ಲಿ, ವಿಷ ಏರಿದ 100 ಜನರಲ್ಲಿ 40 ಜನರನ್ನಷ್ಟೇ ಅದು ಹಿಡಿಯಿತು. 2017ರದ್ದರಲ್ಲಿ ಅಳತೆಗೆ ತಕ್ಕ ಗಾಜಿನ ಟ್ಯೂಬಿನಲ್ಲಿ ಕ್ರಮ ತಪ್ಪದೆ ಮಾಡಿದಾಗ 82. ಇದನ್ನು ಓದಿದ ದಿನ ನನ್ನ ಸಿಸ್ಟರ್‌ಗೆ ಪ್ರಿಂಟ್ ತೆಗೆದು ತೋರಿಸಿದೆ. ನಾನೂ ಒಂದು ಸೀಸನ್ನು ನಲವತ್ತು ಕೇಸಿಗೆ ನನ್ನ ದುಡ್ಡಲ್ಲೇ ಪಿಟಿ-ಐಎನ್‌ಆರ್ (ರಕ್ತ ಹೆಪ್ಪಾಗುವ ಹೊತ್ತನ್ನು ಅಳೆಯುವ ಲ್ಯಾಬ್ ಟೆಸ್ಟ್) ಕಳಿಸಿ ಹೋಲಿಸಿದೆ. ಮೂವತ್ತಾರೋ ಮೂವತ್ತೇಳೋ ಹೊಂದಿದವು. ತಪ್ಪಿದವು ಸಣ್ಣ ಪ್ರಮಾಣದ ವಿಷದವು. ಖರ್ಚು ಹನ್ನೆರಡು ಸಾವಿರ ಮುಟ್ಟಿತು, ರಿಪೋರ್ಟ್ ಬರುವಷ್ಟರಲ್ಲಿ ರೋಗಿ ಊಟ ಮಾಡುತ್ತಿದ್ದ.

ಹೀಗೇ ಸುಮ್ನೆ ಇನ್ನೊಂದನ್ನೂ ಮಾಡಿ ನೋಡಿದೆ. ಮೇ ತಿಂಗಳಲ್ಲಿ ನಮ್ಮ ವಾರ್ಡು ಒಲೆಯ ಹಾಗಿರುತ್ತದೆ. ನನ್ನ ರಕ್ತ ಮತ್ತು ಕಾಂಪೌಂಡರ್ ರಕ್ತ, ಒಂದು ಜೊತೆ ವಾರ್ಡಿನಲ್ಲಿ, ಒಂದು ಜೊತೆ ಎಸಿ ರೂಮಿನಲ್ಲಿ ಇಟ್ಟೆ. ಎಸಿಯಲ್ಲಿ ಎರಡು ಮೂರು ನಿಮಿಷ ನಿಧಾನ. 20 ನಿಮಿಷದೊಳಗೆ ಎಲ್ಲವೂ ಗಟ್ಟಿಯಾದವು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಕಾಂಪೌಂಡರ್ ಮಾತ್ರ ಆಮೇಲೆ ಒಂದು ವಾರ ನನ್ನ ಕೈಗೆ ಸಿಗಲಿಲ್ಲ.

ಡೋಸಿನ ಜಗಳ ಇನ್ನೂ ಮುಗಿದಿಲ್ಲ. ಹಾವು ದೊಡ್ಡದಾದರೆ ಡೋಸು ದೊಡ್ಡದು, ಮಗು ಚಿಕ್ಕದಾದರೆ ಡೋಸು ಚಿಕ್ಕದು ಅನ್ನುವವರು ಈಗಲೂ ಇದ್ದಾರೆ. ಕೊಳಕುಮಂಡಲ ಒಂದು ಸಲಕ್ಕೆ ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ. ನಮ್ಮ ಎಎಸ್‌ವಿ ಒಂದು ಮಿಲಿ ಅದರಲ್ಲಿ 0.6 ಮಿಲಿಗ್ರಾಂ ಹೊಡೆಯುತ್ತದೆ. ಹತ್ತು ವಯಲ್ ಅಂದರೆ 100 ಮಿಲಿ. ಲೆಕ್ಕ ನೀವೇ ಹಾಕಿ. ಹಾವಿಗೆ ಎದುರಿಗಿರುವುದು ಮಗುವೋ ಪೈಲ್ವಾನನೋ ಗೊತ್ತಿರುವುದಿಲ್ಲ. ಹತ್ತು ಕೊಟ್ಟು ಆರು ಗಂಟೆ ಕಾಯುವುದು, ಯಾಕೆಂದರೆ ಲಿವರ್‌ಗೆ ಹೊಸದಾಗಿ ಹೆಪ್ಪಿನ ಸಾಮಾನು ಮಾಡಲು ಅಷ್ಟು ಹೊತ್ತು ಬೇಕು. ಎರಡು ಗಂಟೆಗೇ ಟೆಸ್ಟ್ ಮಾಡಿ, ಹರಿಯಿತು ಎಂದು ಮತ್ತೆ ಸುರಿಯುವವರು ರೋಗಿಯ ದುಡ್ಡು ಸುರಿಯುತ್ತಿದ್ದಾರೆ ಅಷ್ಟೆ.

ಎಎಸ್‌ವಿಯಿಂದಲೇ ಬರುವ ರಿಯಾಕ್ಷನ್ ಭಯಕ್ಕೆ ನಾನು ಹಿಡಿದದ್ದೂ ಶ್ರೀಲಂಕಾದ್ದೇ. 2011ರಲ್ಲಿ ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ನೋಡಿದ್ದರು. ಎಎಸ್‌ವಿಗೆ ಮೊದಲು ಚರ್ಮದಡಿಗೆ 0.25 ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟವರಲ್ಲಿ ಮೊದಲ ಒಂದು ಗಂಟೆಯ ಜೋರು ರಿಯಾಕ್ಷನ್ ನೂರಕ್ಕೆ 43ರಷ್ಟು ತಗ್ಗಿತು. ನಾವೆಲ್ಲಾ ಮೊದಲಿಂದ ಚುಚ್ಚುತ್ತಾ ಬಂದ ಅಲರ್ಜಿಯ ಇಂಜೆಕ್ಷನ್‌ಗಳಾದ ಹೈಡ್ರೋಕಾರ್ಟಿಸೋನ್, ಫೆನರ್ಗಾನ್‌ಗಳಿಂದ ಏನೂ ಆಗಲಿಲ್ಲ. ಹೃದಯದ ತೊಂದರೆ ಇರುವ ಮುದುಕರಿಗೆ ನಾನು ಕೊಡುವುದಿಲ್ಲ. ಉಳಿದವರಿಗೆ ಕೊಡುತ್ತೇನೆ. ಜೋರು ರಿಯಾಕ್ಷನ್ ಮೊದಲು ನಾಲ್ಕೈದು ಜನರಲ್ಲಿ ಒಬ್ಬರಿಗೆ ಬರುತ್ತಿತ್ತು, ಈಗ ಹತ್ತರಲ್ಲಿ ಒಬ್ಬರಿಗೂ ಇಲ್ಲ.

ಟ್ಯೂಬು ಎಲ್ಲಿ ಸುಳ್ಳು ಹೇಳುತ್ತದೆ ಅಂತಲೂ ಬರೆಯಬೇಕು. ಕಟ್ಟುಹಾವು. ಅದರ ವಿಷ ಹೊಡೆಯುವುದು ನರಕ್ಕೆ. ಗುರುತಿಲ್ಲ, ಬಾವಿಲ್ಲ, ರಕ್ತ ಚೆನ್ನಾಗಿ ಹೆಪ್ಪಾಗುತ್ತದೆ. ಕಾರಟಗಿ ಕಡೆಯ ಒಂಬತ್ತು ವರ್ಷದ ಹುಡುಗ, ನೆಲದ ಮೇಲೆ ಮಲಗಿದ್ದವನು ಬೆಳಗ್ಗೆ ಹೊಟ್ಟೆನೋವು ಎಂದು ಎದ್ದ. ಬೇರೆ ಕಡೆ ಗ್ಯಾಸಿನ ಇಂಜೆಕ್ಷನ್ ಹಾಕಿಸಿಕೊಂಡು ನನ್ನ ಹತ್ತಿರ ಬಂದಾಗ ಕಣ್ಣು ಅರ್ಧ ಮುಚ್ಚಿತ್ತು. ಅವರಮ್ಮ "ನಿದ್ದಿಗಣ್ಣಾಗದಾನ್ರಿ" ಅಂದಳು. ಉಸಿರಿನ ಬಲ ನೋಡಲು ಒಂದೇ ಉಸಿರಿಗೆ ಎಣಿಸು ಅಂದೆ. ಇಪ್ಪತ್ತೆರಡಕ್ಕೆ ನಿಂತ. ಅರ್ಧ ಗಂಟೆಗೆ ಹದಿನಾಲ್ಕು. ಎಎಸ್‌ವಿ ಹಚ್ಚಿ ಆಂಬುಲೆನ್ಸ್ ಹತ್ತಿಸುವಾಗ ಒಂಬತ್ತು. ಸಿರುಗುಪ್ಪ ದಾಟುವಷ್ಟರಲ್ಲಿ ಉಸಿರು ನಿಂತೇ ಹೋಯಿತು. ಅಲ್ಲಿಂದ ಬಳ್ಳಾರಿವರೆಗೆ ನಾನು, ಕಾಂಪೌಂಡರ್ ಸರದಿ ಮೇಲೆ ಅಂಬು ಬ್ಯಾಗ್ (ಕೈಯಿಂದ ಉಸಿರು ಕೊಡುವ ಚೀಲ) ಒತ್ತಿದೆವು. ಐದು ದಿನ ವೆಂಟಿಲೇಟರ್. ಈಗ ಸ್ಕೂಲಿಗೆ ಹೋಗುತ್ತಾನೆ. ನಾಗರಕ್ಕೆ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೆಲಸ ಮಾಡಿದ ಹಾಗೆ ಕಟ್ಟುಹಾವಿಗೆ ಮಾಡುವುದಿಲ್ಲ, ಅದನ್ನು ನಂಬಿ ಹೊತ್ತು ಕಳೆಯಬೇಡಿ.

ಹೊಸದೇನು ಬರುತ್ತಿದೆ ಎಂದು ಹುಡುಗ ಡಾಕ್ಟರುಗಳು ಕೇಳುತ್ತಾರೆ. ವಾರೆಸ್ಪ್ಲಾಡಿಬ್ ಎಂಬ ನುಂಗುವ ಔಷಧಿಯನ್ನು ಭಾರತ, ಅಮೆರಿಕ ಎರಡೂ ಕಡೆ ಪರೀಕ್ಷಿಸಿದರು. ಒಟ್ಟಾರೆ ಗುರಿ ಮುಟ್ಟಲಿಲ್ಲ, ಕಚ್ಚಿದ 5 ಗಂಟೆಯೊಳಗೆ ಕೊಟ್ಟವರಲ್ಲಿ ಆಸೆ ಕಂಡಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿ 2024ರಲ್ಲಿ ನಾಗರ, ಕಟ್ಟುಹಾವಿನ ಜಾತಿಯ ನರವಿಷಕ್ಕೆ ಲ್ಯಾಬಿನಲ್ಲೇ ಪ್ರತಿಕಾಯ ತಯಾರಿಸಿದ್ದಾರೆ, ಇಲಿಗಳು ಬದುಕಿವೆ. ಅದು ಸಿಂಧನೂರಿಗೆ ಬರುವ ತನಕ ನನ್ನ ಹತ್ತಿರ ಮೂವತ್ತು ವಯಲ್ ಎಎಸ್‌ವಿ ಫ್ರಿಜ್ಜಿನಲ್ಲಿ ಇರುತ್ತದೆ. ಹದಿನೈದು ಹದಿನಾರು ಸಾವಿರದ ಮಾಲು. ಎಕ್ಸ್‌ಪೈರಿ ಆಗದ ಹಾಗೆ ಅದನ್ನು ಹೇಗೆ ತಿರುಗಿಸುತ್ತೇನೆ ಎನ್ನುವುದು ನಾಲ್ಕು ನರ್ಸಿಂಗ್ ಹೋಂಗಳ ನಡುವಿನ ಒಳಮಾತು. ಫೋನ್ ಮಾಡಿದರೂ ಹೇಳುವುದಿಲ್ಲ. ಕೇಸು ಬಂದರೆ ಸರ್ಕಾರಕ್ಕೆ ವರದಿ ಮಾಡುವುದು ಮರೆಯಬೇಡಿ, 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಅದು ಕಡ್ಡಾಯ.

ನಾಲ್ಕು ಸೀಸನ್ನಿನಲ್ಲಿ ನೂರಾ ನಲವತ್ತು ಚಿಲ್ಲರೆ ಕೇಸು ನೋಡಿರಬೇಕು. ಅರ್ಧಕ್ಕರ್ಧ ಜನಕ್ಕೆ ಎಎಸ್‌ವಿಯೇ ಬೇಕಾಗಲಿಲ್ಲ. ಇಬ್ಬರು ತೀರಿಕೊಂಡರು, ಇಬ್ಬರೂ ತಡವಾಗಿ ಬಂದು ಕಿಡ್ನಿ ನಿಂತವರು. ಹತ್ತರಲ್ಲಿ ಎಂಟು ಜನರನ್ನು ಕಳಿಸುತ್ತಿದ್ದವನು ಈಗ ಇಬ್ಬರನ್ನು ಕಳಿಸುತ್ತೇನೆ.

ಈ ಸಲ ನಾಟಿಗೆ ಮೊದಲೇ ಐನೂರು ಟ್ಯೂಬು ತರಿಸಿದ್ದೇನೆ. ಅದರಲ್ಲಿ ಒಂದು ಬಾಕ್ಸನ್ನು ಆ ಹಿರಿಯ ಫಿಜಿಷಿಯನ್ ಕ್ಲಿನಿಕ್ಕಿಗೆ ಕಳಿಸಿಕೊಟ್ಟೆ, ಬಿಲ್ ಸಮೇತ. ಮುನ್ನೂರು ರೂಪಾಯಿ ಫೋನ್‌ಪೇ ಮಾಡಿದ್ದಾರೆ.