ಹದಿನೆಂಟು ಕುದುರೆಗಳ ಲೆಕ್ಕಾಚಾರ

ನಾನು ರೇಸಿಗೆ ಓಡಿಸುವುದು 155 ಸಿಸಿಯ ಯಮಹಾ ಆರ್15. ಇನ್ನೊಬ್ಬ ರೇಸರ್ ಚೆನ್ನಾಗಿ ದುಡಿಸಿ ಮಾರಿದ ಗಾಡಿ. ಎಂಜಿನ್ನಿನ ಶಕ್ತಿ ಸುಮಾರು 18 ಕುದುರೆ. ಕಚೇರಿಯಲ್ಲಿ ಇದನ್ನು ಹೇಳಿದರೆ ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ. ರೇಸ್ ಎಂದೊಡನೆ ಅವರ ಕಣ್ಣ ಮುಂದೆ ಬರುವುದು ಗಂಟೆಗೆ 300 ಕಿಲೋಮೀಟರ್ ಮೀರಿ ಓಡುವ ಮೋಟೋಜಿಪಿ. ನನ್ನದು ಮುಖ್ಯ ನೇರ ಹಾದಿಯ ಕೊನೆಯಲ್ಲಿ, ಗದ್ದವನ್ನು ಟ್ಯಾಂಕಿಗೆ ಒತ್ತಿ ಮಲಗಿದರೂ, 130ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಇದೇ ಬೈಕನ್ನು ಕಾಲೇಜು ಹುಡುಗರು ದಿನವೂ ಹೊಸೂರು ರಸ್ತೆಯಲ್ಲಿ ಓಡಿಸುತ್ತಾರೆ.

ಆದರೆ ಕಡಿಮೆ ಶಕ್ತಿಯ ಬೈಕುಗಳ ರೇಸಿನಲ್ಲಿ ಒಂದು ನಿರ್ದಯವಾದ ನ್ಯಾಯವಿದೆ. ದೊಡ್ಡ ಬೈಕಿನವರು ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಹೊರಬರುವಾಗ ಕೈ ತಿರುವಿ ವಸೂಲಿ ಮಾಡಿಕೊಳ್ಳಬಹುದು. ನಮಗೆ ಆ ಅನುಕೂಲವಿಲ್ಲ. ಐದು ಕಿಲೋಮೀಟರ್ ವೇಗವನ್ನು ಬ್ರೇಕಿಗೆ ಸುಮ್ಮನೆ ದಾನ ಮಾಡಿದರೆ ಮುಂದಿನ ನೇರ ಹಾದಿ ಮುಗಿಯುವವರೆಗೂ ಆ ಸಾಲ ತೀರುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂಬ ಗಾದೆಮಾತನ್ನು ಕಟ್ಟಿದವರು ಯಾರೋ 18 ಕುದುರೆಯ ಬೈಕು ಓಡಿಸಿದವರೇ ಇರಬೇಕು. ಹಾಗಾಗಿ ರೇಸಿನ ವಾರಾಂತ್ಯದುದ್ದಕ್ಕೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ಬ್ರೇಕ್ ಹಿಡಿಯುತ್ತಿದ್ದೇನಲ್ಲ, ಅದು ನಿಜಕ್ಕೂ ಬೇಕೇ?

ಬೆಂಗಳೂರಿನ ಹವ್ಯಾಸಿಗಳಿಗೆ ರೇಸ್ ಎಂದರೆ ತಮಿಳುನಾಡಿನ ಪ್ರಯಾಣ. ಒಂದೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಇಲ್ಲವೇ ಚೆನ್ನೈಗೆ ಮೊದಲೇ, ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ. ಎರಡನೆಯದು 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್. ಸುತ್ತಳತೆ ಸುಮಾರು 3.7 ಕಿಲೋಮೀಟರ್, ತಿರುವುಗಳು 12. ಅದಕ್ಕೂ ಹಿಂದೆ ಕ್ಲಬ್ಬು ರೇಸ್ ನಡೆಸುತ್ತಿದ್ದದ್ದು ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ. ನನ್ನ ಬೈಕು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಆ ಕಾಲದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಎರಡು ಸ್ಟ್ರೋಕಿನ ಯೆಜ್ಡಿ ಬೈಕುಗಳು ಶೋಳವರಂನಲ್ಲಿ ಹೇಗೆ ಕೂಗುತ್ತಿದ್ದವು ಎಂಬುದನ್ನು ಅವರು ಬಾಯಲ್ಲೇ ನುಡಿಸಿ ತೋರಿಸುತ್ತಾರೆ. ನಾಲ್ಕು ಸ್ಟ್ರೋಕಿನ ಬೈಕುಗಳನ್ನು ಅವರು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಇರುಂಗಾಟ್ಟುಕೋಟ್ಟೈ ರೇಸಿದ್ದರೆ ಗುರುವಾರ ರಾತ್ರಿ ಬೈಕನ್ನು ಟಾಟಾ ಏಸ್‌ಗೆ ಏರಿಸಿ ಹಗ್ಗ ಬಿಗಿಯುತ್ತೇವೆ. ಬಾಡಿಗೆಯನ್ನು ಇನ್ನೊಬ್ಬ ರೇಸರ್ ಜೊತೆ ಹಂಚಿಕೊಂಡಿರುತ್ತೇನೆ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ 300 ಕಿಲೋಮೀಟರ್ ಮೀರಿದ ದಾರಿ. ಆಂಬೂರು ತಲುಪುವ ಹೊತ್ತಿಗೆ ಬಿರಿಯಾನಿ ಖಾಲಿಯಾಗಿರುತ್ತದೆ, ಇದು ನಿಯಮ.

ಶುಕ್ರವಾರ ಬೆಳಗ್ಗೆ ಮೊದಲು ಕಾಗದಪತ್ರ: ದೇಶದ ಮೋಟರ್ ಕ್ರೀಡೆಗಳ ಫೆಡರೇಷನ್ ಕೊಟ್ಟ ಆ ವರ್ಷದ ಸ್ಪರ್ಧಾ ಪರವಾನಗಿ, ವೈದ್ಯರ ಪ್ರಮಾಣಪತ್ರ, ಏನಾದರೂ ಆದರೆ ನಾನೇ ಹೊಣೆ ಎಂದು ಬರೆದುಕೊಡುವ ಹಾಳೆ. ಆಮೇಲೆ ತಪಾಸಣೆ. ಹೊಸಬರು ಇದನ್ನು ಶಾಸ್ತ್ರಕ್ಕೆ ಮಾಡುವ ಕೆಲಸ ಎಂದುಕೊಂಡಿರುತ್ತಾರೆ. ನನ್ನ ಮಟ್ಟಿಗೆ ಇಡೀ ವಾರಾಂತ್ಯದಲ್ಲಿ ಅತ್ಯಂತ ಮುಖ್ಯವಾದ ಅರ್ಧ ಗಂಟೆ ಇದೇ.

ರಸ್ತೆಯ ಬೈಕಿನಿಂದ ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ಸ್ಟ್ಯಾಂಡುಗಳನ್ನು ಬಿಚ್ಚುವುದು ಸುಲಭದ ಭಾಗ. ಸಮಯ ಹಿಡಿಯುವ ಕೆಲಸ ಸೇಫ್ಟಿ ವೈರಿನದು. ಎಂಜಿನ್ ಆಯಿಲ್ ಇಳಿಸುವ ಬೋಲ್ಟಿನ ತಲೆಗೆ ಎಳೆಯಷ್ಟು ಸಣ್ಣ ತೂತು ಕೊರೆದು, ಉಕ್ಕಿನ ತಂತಿ ತೂರಿಸಿ, ಹೆಣೆದು, ಬೋಲ್ಟು ಬಿಗಿಯಾಗುವ ದಿಕ್ಕಿಗೇ ಎಳೆಯುವಂತೆ ಕಟ್ಟಬೇಕು. ತಂತಿ ಎಡಕ್ಕೆ ಎಳೆಯುತ್ತಿದೆಯೋ ಬಲಕ್ಕೋ ಎಂಬುದನ್ನು ತಪಾಸಣೆಯವರು ಬೆರಳಿಟ್ಟು ನೋಡುತ್ತಾರೆ. ಆಯಿಲ್ ತುಂಬುವ ಮುಚ್ಚಳಕ್ಕೂ ಹಾಗೆಯೇ. ಕಾರಣ ಸರಳ: ಒಬ್ಬನ ಬೋಲ್ಟು ಸಡಿಲವಾಗಿ ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿದರೆ ಬೀಳುವವರು ಅವನ ಹಿಂದಿನ ಐದಾರು ಜನ. ರೇಡಿಯೇಟರಿನಲ್ಲಿರುವ ಹಸಿರು ಕೂಲೆಂಟನ್ನೂ ಅದೇ ಕಾರಣಕ್ಕೆ ಚೆಲ್ಲಿ ಬರೀ ನೀರು ತುಂಬುತ್ತೇವೆ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಜಾರುತ್ತದೆ, ಬೇಗ ಆರುವುದೂ ಇಲ್ಲ. ನೀರಾದರೆ ಚೆನ್ನೈ ಬಿಸಿಲಿಗೆ ನಿಮಿಷಗಳಲ್ಲಿ ಮಾಯ. ಹಿಂದಿನ ಸ್ಪ್ರಾಕೆಟ್ಟಿಗೆ, ಅಂದರೆ ಹಲ್ಲಿನ ಚಕ್ರಕ್ಕೆ, ಚೈನು ಸೇರುವ ಕಡೆ ಬಿದ್ದವರ ಬೆರಳು ಸಿಕ್ಕದಂತೆ ಗಾರ್ಡ್ ಇರಬೇಕು. ಹ್ಯಾಂಡಲಿನ ಮೇಲಿನ ಕಿಲ್ ಸ್ವಿಚ್ ಒತ್ತಿದೊಡನೆ ಎಂಜಿನ್ ನಿಲ್ಲಬೇಕು.

ಆಮೇಲೆ ಸವಾರನ ಸರದಿ. ಹೆಲ್ಮೆಟ್ಟಿನ ಪಟ್ಟಿ ಎರಡು ಉಂಗುರದ ಬಿಗಿತದ್ದೇ ಆಗಬೇಕು, ಒಳಗಿನ ಲೇಬಲ್ಲಿನ ಮೇಲೆ ಅದು ತಯಾರಾದ ಕಾಲ ಕಾಣಬೇಕು. ಒಂದೇ ತುಂಡಿನ ಲೆದರ್ ಸೂಟು, ಬೆನ್ನಿನ ರಕ್ಷಾಕವಚ, ಮಣಿಕಟ್ಟು ಮುಚ್ಚುವ ಗ್ಲೌಸು, ಕಣಕಾಲು ತಿರುಚದಂತೆ ತಡೆಯುವ ಬೂಟು. ಈ ಆಟಕ್ಕೆ ಬರುವವರಿಗೆ ನನ್ನ ಸಲಹೆ: ಬೈಕಿಗೆ ಇಟ್ಟ ದುಡ್ಡು ಸೂಟಿಗೆ ಇಟ್ಟದ್ದಕ್ಕಿಂತ ಬಹಳ ಹೆಚ್ಚಿದ್ದರೆ ಲೆಕ್ಕ ತಪ್ಪಿದೆ. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ತೀರಿಕೊಂಡ. ಆ ವಾರಾಂತ್ಯದ ಉಳಿದ ರೇಸುಗಳು ರದ್ದಾದವು. ತಂತಿ ಕಟ್ಟುವಾಗ, ಪಟ್ಟಿ ಬಿಗಿಯುವಾಗ ನಾನು ತಮಾಷೆ ಮಾಡುವುದಿಲ್ಲ. ಪಕ್ಕದಲ್ಲಿ ನಿಂತು ಮಾಡುವವರನ್ನೂ ಆಚೆ ಕಳಿಸುತ್ತೇನೆ.

ಬಾವುಟಗಳ ಪಾಠ ಎಲ್ಲರಿಗೂ ಗೊತ್ತಿರುವುದೇ: ಹಳದಿ ಎಂದರೆ ಮುಂದೆ ಅಪಾಯ, ದಾಟುವಂತಿಲ್ಲ; ಕೆಂಪು ಎಂದರೆ ರೇಸ್ ನಿಂತಿತು. ಹಳದಿಯ ಮೇಲೆ ಕೆಂಪು ಪಟ್ಟೆಗಳಿದ್ದರೆ ಟ್ರ್ಯಾಕ್ ಜಾರುತ್ತಿದೆ. ಆದರೂ ಸವಾರರ ಸಭೆಯಲ್ಲಿ ಪ್ರತಿ ಬಾರಿಯೂ ಹೇಳುತ್ತಾರೆ, ಹೇಳಬೇಕು. ಬಿಸಿಲಲ್ಲಿ ದಿನವಿಡೀ ನಿಂತು ಆ ಬಾವುಟ ಬೀಸುವವರು ಹೆಚ್ಚಾಗಿ ಸ್ವಯಂಸೇವಕರು. ರೇಸ್ ಮುಗಿದ ಮೇಲೆ ನಿಧಾನವಾಗಿ ಓಡಿಸುವ ಕೂಲ್‌ಡೌನ್ ಸುತ್ತಿನಲ್ಲಿ ಅವರಿಗೆ ಕೈ ಎತ್ತಿ ವಂದಿಸದೆ ಹೋಗುವ ರೇಸರುಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಅಭ್ಯಾಸದ ಅವಧಿಯಲ್ಲಿ ನನ್ನ ಗಮನವೆಲ್ಲ ಮೊದಲ ತಿರುವಿನ ಮೇಲೆ. ಇಲ್ಲಿ ತಿರುವುಗಳಿಗೆ ಹೆಸರಿಲ್ಲ, ಸಂಖ್ಯೆಗಳೇ: ಸಿ1, ಸಿ2, ಹೀಗೆ. ಮುಖ್ಯ ನೇರ ಹಾದಿಯ ಕೊನೆಯಲ್ಲಿ ಬಲಕ್ಕೆ ಹೊರಳುವ ಸಿ1 ಬಹಳ ವೇಗದ ತಿರುವು. ದೊಡ್ಡ ಬೈಕಿನವರು ಅದಕ್ಕೆ ಹೆದರುತ್ತಾರೆ. ನಮ್ಮ ವೇಗಕ್ಕೆ ಹೆದರಬೇಕಾದದ್ದು ನಮ್ಮ ಬಲಗೈ ಬೆರಳುಗಳಿಗೆ. ಅವು ತಾವಾಗಿಯೇ ಬ್ರೇಕ್ ಲಿವರ್ ಕಡೆ ಹೋಗುತ್ತವೆ. ಅಲ್ಲಿ ಬ್ರೇಕ್ ಮುಟ್ಟಬೇಕಾಗಿಲ್ಲ. ಮಲಗಿದ್ದವರು ಎದೆ ಎತ್ತಿ ಕುಳಿತರೆ ಸಾಕು, 130ರ ಗಾಳಿಯೇ ಬೇಕಾದಷ್ಟು ತಡೆಯುತ್ತದೆ. ಆಕ್ಸಿಲರೇಟರನ್ನು ಒಂದು ಗುಲಗಂಜಿಯಷ್ಟು ಸಡಿಲಿಸಿ, ನೋಟವನ್ನು ತಿರುವಿನ ಒಳಅಂಚಿಗೆ ನೆಟ್ಟು, ಬಲ ಹ್ಯಾಂಡಲನ್ನು ಮುಂದಕ್ಕೆ ಒತ್ತಿದರೆ ಬೈಕು ತಾನಾಗಿ ವಾಲುತ್ತದೆ. ಬಾಯಲ್ಲಿ ಹೇಳುವಷ್ಟು ಸಲೀಸಲ್ಲ. ನಾನು ಬೆರಳುಗಳನ್ನು ಲಿವರ್ ಮೇಲೆ ಇಡದೆ ನಾಲ್ಕನ್ನೂ ಹಿಡಿಕೆಗೆ ಸುತ್ತಿಕೊಂಡೇ ಸಿ1ಕ್ಕೆ ಹೋಗುವ ಅಭ್ಯಾಸ ಮಾಡಿದೆ. ಬುದ್ಧಿಯನ್ನು ಒಪ್ಪಿಸಲು ಆಗದಿದ್ದಾಗ ಬೆರಳನ್ನು ಕಟ್ಟಿಹಾಕುವುದೇ ಮೇಲು.

ಸಿ2 ಬೇರೆ ಜಾತಿಯದು. ಅಲ್ಲಿ ಬ್ರೇಕ್ ಬೇಕೇ ಬೇಕು, ಆದರೆ ಹಿಡಿಯುವುದಕ್ಕಿಂತ ಬಿಡುವುದು ಕಷ್ಟ. ನೇರವಾಗಿದ್ದಾಗಲೇ ಗಟ್ಟಿಯಾಗಿ ಹಿಡಿದು ಪಟ್ಟನೆ ಬಿಟ್ಟರೆ ಮುಂದಿನ ಫೋರ್ಕು ಸಟ್ಟನೆ ಮೇಲೇಳುತ್ತದೆ, ಬೈಕು ಹೊರಗೆ ಹರಿಯುತ್ತದೆ. ಬೈಕು ವಾಲುತ್ತಾ ಹೋದಂತೆ ಬೆರಳು ಸಡಿಲವಾಗುತ್ತಾ ಹೋಗಬೇಕು, ಗಾಯದ ಮೇಲಿನ ಪಟ್ಟಿಯನ್ನು ಅಮ್ಮ ಬಿಚ್ಚುವ ಹಾಗೆ. ಆಗ ಮುಂದಿನ ಟೈರಿನ ಮೇಲೆ ಭಾರ ಉಳಿದು ಹಿಡಿತವೂ ಉಳಿಯುತ್ತದೆ. ಬೆಂಗಳೂರಿನ ಹೊರವಲಯದ ಕಾರ್ಟಿಂಗ್ ಅಂಗಳದಲ್ಲಿ ಸಣ್ಣ ಬೈಕು ಹಿಡಿದು ನಾನು ಕಲಿತದ್ದು ಇದೊಂದನ್ನೇ. ಅಲ್ಲಿ ನೇರ ಹಾದಿಯೇ ಇಲ್ಲದಿರುವುದು ಒಳ್ಳೆಯದಾಯಿತು.

ಟೈರಿನ ಗಾಳಿಯ ವಿಷಯದಲ್ಲಿ ಪ್ಯಾಡಾಕಿನಲ್ಲಿ, ಅಂದರೆ ರೇಸರುಗಳು ಬೀಡುಬಿಡುವ ಅಂಗಳದಲ್ಲಿ, ಕೇಳಿದ ಪ್ರತಿಯೊಬ್ಬರೂ ಒಂದೊಂದು ಅಂಕಿ ಹೇಳುತ್ತಾರೆ. ನಾನು ಕೇಳುವುದನ್ನು ಬಿಟ್ಟಿದ್ದೇನೆ. ಟ್ರ್ಯಾಕಿನಿಂದ ಒಳಗೆ ಬಂದ ಕೂಡಲೇ, ಟೈರು ಬಿಸಿಯಾಗಿರುವಾಗಲೇ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಜೊತೆಗೆ ಗಂಟೆ, ಬಿಸಿಲು, ಮೋಡ. ಬೆಳಗ್ಗೆ ಸರಿಯಿದ್ದ ಗಾಳಿ ಮಧ್ಯಾಹ್ನ ಡಾಂಬರು ಕಾದ ಮೇಲೆ ಹೆಚ್ಚಾಗಿರುತ್ತದೆ, ಹಿಂದಿನ ಚಕ್ರ ಜಾರತೊಡಗುತ್ತದೆ. ಸವಾರನೂ ಅಷ್ಟೇ. ಕಡಲ ತೀರದ ಆ ಸೆಕೆಯಲ್ಲಿ ಲೆದರ್ ಸೂಟಿನೊಳಗೆ ಮೈ ನೀರಾಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆಯ ಕ್ಯಾನು ನನ್ನ ಟೂಲ್ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ.

ಈ ಬಾರಿಯ ತಲೆನೋವು ಗೇರಿಂಗ್. ನಮಗೆ ಎಂಜಿನ್ನಿನೊಳಗೆ ಕೈ ಹಾಕಲು ಹೆಚ್ಚು ಅವಕಾಶವಿಲ್ಲ. ಉಳಿದಿರುವ ಆಟ ಸ್ಪ್ರಾಕೆಟ್ಟಿನದು. ಮುಂದಿನದರಲ್ಲಿ ಒಂದು ಹಲ್ಲು ಬದಲಿಸುವುದು ಹಿಂದಿನದರಲ್ಲಿ ಮೂರಕ್ಕಿಂತ ಹೆಚ್ಚು ಹಲ್ಲು ಬದಲಿಸಿದಷ್ಟು ದೊಡ್ಡ ಹೆಜ್ಜೆ. ಹಾಗಾಗಿ ಸೂಕ್ಷ್ಮ ಹೊಂದಾಣಿಕೆ ಏನಿದ್ದರೂ ಹಿಂದಿನದರಲ್ಲೇ. ಹಿಂದೆ ಹಲ್ಲು ಹೆಚ್ಚಾದರೆ ಎಳೆತ ಹೆಚ್ಚು, ಅದೇ ಎಂಜಿನ್ ಸುತ್ತಿಗೆ ಸಿಗುವ ವೇಗ ಕಡಿಮೆ; ಹಲ್ಲು ಕಡಿಮೆಯಾದರೆ ಇದರ ತಿರುಗುಮುರುಗು. ನಾನು 48 ಹಲ್ಲಿನದನ್ನು ಹಾಕಿದ್ದೆ. ಅಭ್ಯಾಸದಲ್ಲಿ ಒಬ್ಬನೇ ಓಡಿದಾಗ ಸಿ1ಕ್ಕೆ ಸ್ವಲ್ಪ ಮುಂಚೆ ಆರನೇ ಗೇರಿನಲ್ಲಿ ಎಂಜಿನ್ನಿನ ಸುತ್ತು ಗರಿಷ್ಠ ಮಿತಿಯ ತುಸು ಕೆಳಗೆ ನಿಲ್ಲುತ್ತಿತ್ತು. ಇನ್ನೇನು ಬೇಕು ಎನ್ನಿಸಿತು.

“ಒಬ್ಬರೇ ಓಡಿದ್ದನ್ನು ನಂಬಬೇಡಿ ಸಾರ್,” ಎಂದರು ಮೆಕ್ಯಾನಿಕ್ ಅಣ್ಣ. “ಹಿಂಡಿನಲ್ಲಿ ಓಡಿದ ಮೇಲೆ ಮಾತಾಡೋಣ.”

ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ ಪಿಟ್ ಬಾಗಿಲಲ್ಲಿ ಒಂದು ನಾಟಕ ನಡೆಯುತ್ತದೆ. ಎಲ್ಲರಿಗೂ ಇನ್ನೊಬ್ಬರ ಬೆನ್ನ ಹಿಂದಿನ ಗಾಳಿ ಬೇಕು, ತಮ್ಮ ಬೆನ್ನನ್ನು ಯಾರಿಗೂ ಕೊಡುವ ಮನಸ್ಸಿಲ್ಲ. ಹಾಗಾಗಿ ಎಲ್ಲರೂ ಗ್ಲೌಸು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಾರೆ. ಹದಿನೆಂಟು ಇಪ್ಪತ್ತರ ಹುಡುಗರ ಮುಂದೆ ನಲವತ್ತರ ಹತ್ತಿರದ ನನಗಿರುವ ಒಂದೇ ಅನುಕೂಲ ತಾಳ್ಮೆ. ಅವರು ಬೇಸತ್ತು ಹೊರಟ ಮೇಲೆ ಹೊರಟೆ. ಎರಡು ನಿಮಿಷ ಹತ್ತು ಸೆಕೆಂಡಿನ ಸುತ್ತಮುತ್ತ ಒಂದು ಲ್ಯಾಪ್ ಸಿಕ್ಕಿತು. ಗ್ರಿಡ್‌ನಲ್ಲಿ, ಅಂದರೆ ರೇಸ್ ಶುರುವಾಗುವಾಗ ನಿಲ್ಲುವ ಸಾಲುಗಳಲ್ಲಿ, ನಡುವಿನ ಸಾಲು.

ಮೊದಲ ರೇಸಿನಲ್ಲಿ ಕೆಂಪು ದೀಪ ಆರಿದ ಮೇಲೆ ಸಿ1ರವರೆಗೆ ನನಗೆ ಕಂಡದ್ದು ಮುಂದಿನವರ ಸೀಟು ಮಾತ್ರ. ಹದಿಮೂರು ನಿಮಿಷದ ರೇಸಿನಲ್ಲಿ ಮೊದಲ ಒಂದು ನಿಮಿಷ ನಾನು ಜಾಗ ಕಾಯ್ದುಕೊಂಡೆನಷ್ಟೇ, ಓಡಿಸಿದೆ ಎಂದು ಹೇಳಲಾರೆ. ಎರಡನೇ ಲ್ಯಾಪಿನ ಹೊತ್ತಿಗೆ ಐವರ ಗುಂಪು ಕಟ್ಟಿಕೊಂಡಿತು. ಸಣ್ಣ ಬೈಕುಗಳ ರೇಸ್ ನೋಡಲು ಮಜಾ ಇರುವುದು ಇದಕ್ಕೇ: ಯಾರಿಗೂ ಒಬ್ಬರೇ ಓಡಿಹೋಗುವಷ್ಟು ಶಕ್ತಿಯಿಲ್ಲ. ಮುಂದೆ ಇರುವವನು ಗಾಳಿ ಸೀಳುತ್ತಾನೆ, ಹಿಂದಿನವನು ಅವನ ನೆರಳಿನಲ್ಲಿ ಬಂದು ನೇರ ಹಾದಿಯ ಕೊನೆಗೆ ಪಕ್ಕಕ್ಕೆ ಜಾರಿ ದಾಟುತ್ತಾನೆ, ಮುಂದಿನ ಸುತ್ತಿನಲ್ಲಿ ಪಾತ್ರಗಳು ಅದಲುಬದಲು. ನಾನು ನೇರ ಹಾದಿಯಲ್ಲಿ ದಾಟಿಸಿಕೊಂಡೆ, ಸಿ1ರಲ್ಲಿ ಬ್ರೇಕ್ ಮುಟ್ಟದೆ ಮರಳಿ ದಾಟಿದೆ. ಬೆರಳು ಸುತ್ತಿಕೊಂಡಿದ್ದ ಅಭ್ಯಾಸ ಅಲ್ಲಿ ಫಲ ಕೊಟ್ಟಿತು: ಇಬ್ಬರು ಹುಡುಗರ ಬ್ರೇಕು ಅಲ್ಲಿ ಪ್ರತಿ ಸುತ್ತೂ ಕೆಲಸ ಮಾಡುತ್ತಿತ್ತು, ಅವರ ಬೈಕಿನ ಮೂಗು ಕುಸಿಯುವುದು ಹಿಂದಿನಿಂದ ಕಾಣುತ್ತಿತ್ತು.

ಆದರೆ ಇನ್ನೊಂದು ಸಂಗತಿಯೂ ತಿಳಿಯಿತು. ಇನ್ನೊಬ್ಬರ ಬೆನ್ನ ಹಿಂದೆ ಗಾಳಿಯ ತಡೆ ಕಡಿಮೆಯಾಗಿ ನನ್ನ ಎಂಜಿನ್ ಸಿ1ಕ್ಕೆ ಬಹಳ ಮುಂಚೆಯೇ ಗರಿಷ್ಠ ಸುತ್ತು ಮುಟ್ಟಿ, ಅದಕ್ಕಿಂತ ಏರದಂತೆ ತಡೆಯುವ ಲಿಮಿಟರ್‌ಗೆ ಬಡಿಯತೊಡಗಿತು. ದಾಟಲು ಪಕ್ಕಕ್ಕೆ ಸರಿಯುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಉಳಿದವರು ಆ ಜಾಗದಲ್ಲಿ ಇನ್ನೂ ಎರಡು ಮೂರು ಕಿಲೋಮೀಟರ್ ಕೂಡಿಸುತ್ತಿದ್ದರು. ಐವರ ಗುಂಪಿನಲ್ಲಿ ಮೂರನೆಯವನಾಗಿ ಮುಗಿಸಿದೆ.

ಭಾನುವಾರದ ಎರಡನೇ ರೇಸಿಗೆ ಬದಲಿ ಸ್ಪ್ರಾಕೆಟ್ ಇರಲಿಲ್ಲ. ಪಕ್ಕದ ಪಿಟ್ಟಿನವರ ಬಳಿ ಇದ್ದದ್ದು 45ರದು. ಅಷ್ಟು ಹಾಕಿದರೆ ಸಿ2ರಿಂದ ಹೊರಬರುವಾಗ ಬೈಕು ಎದ್ದು ನಿಲ್ಲಲು ಒದ್ದಾಡುತ್ತದೆ. ಹಾಗಾಗಿ ಇದ್ದದ್ದರಲ್ಲೇ ಉಪಾಯ ಮಾಡಿದೆ. ನೇರ ಹಾದಿಯಲ್ಲಿ ಯಾರ ಬೆನ್ನಿಗೂ ತೀರಾ ಅಂಟಿಕೊಳ್ಳದೆ ಸ್ವಲ್ಪ ಅಂತರ ಬಿಟ್ಟು ಬಂದು, ಕೊನೆಯ ನೂರು ಮೀಟರಿನಲ್ಲಿ ಮಾತ್ರ ನೆರಳಿಗೆ ನುಗ್ಗುವುದು. ವೇಗ ಏರುವ ಹೊತ್ತಿಗೆ ಸಿ1 ಬಂದಿರುತ್ತದೆ, ಅಲ್ಲಿ ನನ್ನ ಆಟ. ಕೊನೆಯ ಲ್ಯಾಪಿನಲ್ಲಿ ಹಾಗೆಯೇ ಇಬ್ಬರನ್ನು ದಾಟಿದೆ. ಗೆರೆಯ ಹತ್ತಿರ ಒಬ್ಬ ಮತ್ತೆ ಪಕ್ಕಕ್ಕೆ ಬಂದ. ಟೈಮಿಂಗ್ ಹಾಳೆ ಬರುವವರೆಗೂ ಯಾರು ಮುಂದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನೇ ಮುಂದೆ. “ಅಂಕಲ್, ಸಿ1ರಲ್ಲಿ ನೀವು ಬ್ರೇಕೇ ಹಿಡಿಯುವುದಿಲ್ಲವೇ?” ಎಂದು ಕೇಳಿಕೊಂಡು ಬಂದ. ಮುಂದಿನ ಬಾರಿ ಅವನ ಹಿಂದೆ ಇರಬೇಕಾದವನು ನಾನು, ಆದರೂ ಹೇಳಿಕೊಟ್ಟೆ. ಅಂಕಲ್ ಎಂದದ್ದಕ್ಕೆ ಅರ್ಧ ಮಾತ್ರ ಹೇಳಿಕೊಟ್ಟೆ.

ಖರ್ಚಿನ ಬಗ್ಗೆ ಕೇಳುವವರಿಗೆ: ಪ್ರವೇಶ ಶುಲ್ಕ, ಟೈರು, ಟೆಂಪೋ ಬಾಡಿಗೆ, ಲಾಡ್ಜು, ಪೆಟ್ರೋಲು. ಇವುಗಳಲ್ಲಿ ಟೈರೇ ದೊಡ್ಡದು. ಬಿದ್ದರೆ ಲೆಕ್ಕ ಬೇರೆ.

ಮೆಕ್ಯಾನಿಕ್ ಅಣ್ಣ ಟೈಮಿಂಗ್ ಹಾಳೆಯನ್ನು ಮಡಚಿ ಜೇಬಿಗಿಟ್ಟು 47 ಹಲ್ಲಿನ ಸ್ಪ್ರಾಕೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕುವುದಾಗಿ ಹೇಳಿದರು. 48ರಲ್ಲಿ ಒಂದು ಹಲ್ಲು ಎಂದರೆ ಶೇಕಡ 2. ಎಂಜಿನ್ನಿನ ಅದೇ ಸುತ್ತಿಗೆ 130ರಲ್ಲಿ ಎರಡೂವರೆ ಕಿಲೋಮೀಟರಿನಷ್ಟು ಹೆಚ್ಚು. ಲಿಮಿಟರ್ ನನ್ನಿಂದ ಕಿತ್ತುಕೊಳ್ಳುತ್ತಿದ್ದದ್ದು ಸರಿಸುಮಾರು ಅಷ್ಟೇ. ಸಿಗದಿದ್ದರೆ ಲೇತ್‌ನವರಿಗೆ ಹೇಳಿ ಮಾಡಿಸುತ್ತಾರಂತೆ. ಚೈನಿನ ಸಡಿಲ ಸರಿಮಾಡಬೇಕಾಗಬಹುದು, ಅದನ್ನು ನಾನೇ ನೋಡಿಕೊಳ್ಳುತ್ತೇನೆ.