ಬೆಲ್ಟಿಗೆ ನಾಲ್ಕನೇ ತೂತು

ಮೊಳೆಯ ತುದಿ ಕಾಯಿಸಿ ಬೆಲ್ಟಿಗೆ ಒತ್ತಿದರೆ ಚರ್ಮ ಸುಟ್ಟ ವಾಸನೆ ಮನೆಯೆಲ್ಲ ಹರಡುತ್ತದೆ. ಹೋದ ತಿಂಗಳು ನಾಲ್ಕನೇ ತೂತು ಕೊರೆದೆ. "ಒಂದು ಹೊಸ ಬೆಲ್ಟ್ ತಗೋಬಾರದಾ?" ಅಂದಳು ಮನೆಯವಳು. ತಗೊಳ್ಳಲ್ಲ. "ಅಷ್ಟಕ್ಕೆಲ್ಲ ತೂಕ ಇಳಿಯುತ್ತೇನೋ, ಹೋಗೋ!" ಅಂತ ನಕ್ಕಿದ್ದ ಅಣ್ಣನಿಗೆ ಆ ನಾಲ್ಕೂ ತೂತು ಎಣಿಸಿ ತೋರಿಸಿದ್ದೇನೆ.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಶುರುವಿನಲ್ಲಿ 91 ಕೆಜಿ ಚಿಲ್ಲರೆ, ಸೊಂಟ 104 ಸೆಂಟಿಮೀಟರ್, ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3. ಡಯಾಬಿಟಿಸ್ ಅನ್ನುವ 6.5ರ ಗೆರೆ ಪಕ್ಕದಲ್ಲೇ ಇತ್ತು. ಈಗ 77ರ ಆಸುಪಾಸು, ಸೊಂಟ 90ಕ್ಕಿಂತ ಒಂದೆಳೆ ಜಾಸ್ತಿ, ಎ1ಸಿ 5.5. ಹಿಡಿದದ್ದು ಸುಮಾರು ಹದಿನೈದು ತಿಂಗಳು.

ಅದಕ್ಕೂ ಮೊದಲು ಮೂರು ವರ್ಷ ಬೆಟ್ಟ ಅಗೆದು ಇಲಿ ಹಿಡಿದಿದ್ದೆ. ಜಿಮ್ಮಿಗೆ ಇಡೀ ವರ್ಷದ ಹಣ ಒಟ್ಟಿಗೆ ಕಟ್ಟಿದೆ, ಹೋದದ್ದು ಲೆಕ್ಕ ಹಾಕಿ ಹತ್ತೊಂಬತ್ತು ದಿನ. ಊಟದ ಬದಲು ಕುಡಿಯುವ ಪುಡಿ ಡಬ್ಬಗಟ್ಟಲೆ ತಂದೆ. ಕೊನೆಯ ಡಬ್ಬ ಇನ್ನೂ ಅಟ್ಟದ ಮೇಲಿದೆ, ಮುಚ್ಚಳ ತೆಗೆದಿಲ್ಲ. ಆಮೇಲೆ ಫೋನಿನಲ್ಲೇ ಸಲಹೆ ಕೊಡುವ ಒಬ್ಬರ ಮೂರು ತಿಂಗಳ ಪ್ಯಾಕೇಜು. ದಿನಾ ಬೆಳಗ್ಗೆ ಸೂರ್ಯೋದಯದ ಚಿತ್ರ ಕಳಿಸುತ್ತಿದ್ದರು, ಬೇರೇನೂ ಬರಲಿಲ್ಲ. ಎಲ್ಲ ಕೂಡಿಸಿದರೆ ಒಂದೂವರೆ ತಿಂಗಳ ಸಂಬಳ ನೀರಿಗೆ ಹೋಯಿತು.

ಪಿಷ್ಟ ಪೂರ್ತಿ ಬಿಟ್ಟ ಕಥೆ ನಿಮಗೂ ಗೊತ್ತಿರುತ್ತದೆ. ಮೊದಲ ವಾರವೇ ಮೂರೂವರೆ ಕೆಜಿ ಇಳಿದು ನಾನು ಹಿಗ್ಗಿ ಹೀರೇಕಾಯಿ. ಹೋದದ್ದರಲ್ಲಿ ಬಹುಪಾಲು ನೀರು. ಗ್ಲೈಕೋಜನ್ ಅಂದರೆ ಮೈ ಕೂಡಿಟ್ಟುಕೊಂಡ ಪಿಷ್ಟ. ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ, ಅದು ಖಾಲಿಯಾದರೆ ನೀರೂ ಹೋಗುತ್ತದೆ. ಒಂದು ಭಾನುವಾರ ಹೊಟ್ಟೆ ತುಂಬ ಉಂಡೆ, ಮಂಗಳವಾರದ ಹೊತ್ತಿಗೆ ಎರಡು ಕೆಜಿ ವಾಪಸ್ಸು ಬಂದಿತ್ತು.

ಕ್ಯಾಲೊರಿ ಬರೆದಿಟ್ಟದ್ದು ಮಾತ್ರ ದಂಡವಾಗಲಿಲ್ಲ. ದಿನಕ್ಕೆ 1600 ಅಂತ ಪ್ರಾಮಾಣಿಕವಾಗಿಯೇ ಬರೆಯುತ್ತಿದ್ದೆ, ತೂಕ ಮಾತ್ರ ಜಗ್ಗಲಿಲ್ಲ. ಒಂದು ದಿನ ಸಿಟ್ಟು ಬಂದು ಬಾಣಲೆಯನ್ನೇ ಅಡುಗೆಮನೆಯ ತಕ್ಕಡಿ ಮೇಲಿಟ್ಟು ಎಣ್ಣೆ ಸುರಿದೆ. ನಾನು 'ಒಂದು ಚಮಚ' ಅಂತ ಬರೆಯುತ್ತಿದ್ದದ್ದು ಐದು ಗ್ರಾಂ ಅಲ್ಲ, ಹದಿನಾಲ್ಕು ಗ್ರಾಂ. ಗ್ರಾಂಗೆ ಒಂಬತ್ತು ಕ್ಯಾಲೊರಿಯಂತೆ ದಿನಕ್ಕೆ ಮೂರು ಸಲ ಅಂದರೆ ನೀವೇ ಗುಣಿಸಿ. 1992ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ ಅಂತಿದ್ದವರನ್ನು ಅಳೆದು ನೋಡಿದರೆ ಅವರು ತಿಂದದ್ದರಲ್ಲಿ ಸರಾಸರಿ 47% ಲೆಕ್ಕಕ್ಕೇ ಬಂದಿರಲಿಲ್ಲ. ಓದಿದಾಗ ನನಗೆ ನಾಚಿಕೆ ಕಡಿಮೆಯಾಯಿತು.

ಕೊನೆಗೆ ಕೈ ಹಿಡಿದದ್ದು ರಾತ್ರಿ ಊಟ. ಏಳು ಗಂಟೆಗೆ ತಟ್ಟೆ, ಅದೂ ಇಡೀ ದಿನದ ಅತಿ ಸಣ್ಣ ತಟ್ಟೆ. ಕೈ ತೊಳೆದು ಹತ್ತು ನಿಮಿಷದೊಳಗೆ ಚಪ್ಪಲಿ ಮೆಟ್ಟಿ ಹೊರಗೆ, ಇಪ್ಪತ್ತು ನಿಮಿಷ ನಡಿಗೆ. ಬಂದ ಮೇಲೆ ಅಡುಗೆಮನೆ ದೀಪ ಆರಿಸುವುದು. ಹತ್ತಕ್ಕೆ ಹಾಸಿಗೆ. ಬೆಳಗ್ಗೆ, ಮಧ್ಯಾಹ್ನ ಏನೂ ನಿಷೇಧವಿಲ್ಲ, ಎಣ್ಣೆ ಮಾತ್ರ ತೂಗಿ. ಇಷ್ಟೇನಾ ಅಂದರು ಎಲ್ಲರೂ. ಇಷ್ಟೇ! ಮೊದಲೆಲ್ಲ ನಾನು ಉಣ್ಣುತ್ತಿದ್ದದ್ದು ಹತ್ತು ಗಂಟೆಗೆ, ಟಿವಿ ಮುಂದೆ, ಎರಡನೇ ಸಲ ಬಡಿಸಿಕೊಂಡು, ಮೇಲೆ ಬಿಸ್ಕತ್ತು. ಆ ಎರಡು ಗಂಟೆಯಲ್ಲೇ ನನ್ನ ಹೊಟ್ಟೆ ಬೆಳೆದದ್ದು ಅಂತ ಕ್ಯಾಲೊರಿ ಪುಸ್ತಕ ತಿರುವಿ ಹಾಕಿದಾಗ ಕಂಡಿತು.

ಮೊದಲ ಆರು ವಾರ ಅವಮಾನ. ಇಳಿದದ್ದು ಒಂದೂವರೆ ಕೆಜಿ, ಅಷ್ಟೂ ದಿನ ಅಣ್ಣನ ಕುಹಕ. ಆದರೆ ನಾನು ಈ ಸಲ ದಡ್ಡನಾಗಿರಲಿಲ್ಲ. ದಿನದ ತೂಕ ಒಂದು ಎರಡು ಕೆಜಿ ಹೆಚ್ಚುಕಡಿಮೆ ಆಗುವುದೇ. ಹಾಗಾಗಿ ಏಳು ದಿನದ ಸರಾಸರಿ ಮಾತ್ರ ಗೋಡೆಗೆ ಬರೆದೆ, ಜೊತೆಗೆ ಟೇಪು. ತೂಕ ನಿಂತಲ್ಲೇ ನಿಂತಿದ್ದಾಗಲೂ ಸೊಂಟ ಮೂರು ಸೆಂಟಿಮೀಟರ್ ಕರಗಿತ್ತು.

ಒಂದು ಎಡವಟ್ಟು ಹೇಳಲೇಬೇಕು. ಎಂಟು ಕೆಜಿ ಇಳಿದಾಗಲೂ ಬಿಪಿ ಮಾತ್ರೆ ಹಳೆಯ ಪ್ರಮಾಣದಲ್ಲೇ ನುಂಗುತ್ತಿದ್ದೆ. ಒಂದು ಬೆಳಗ್ಗೆ ಹಾಸಿಗೆಯಿಂದ ಎದ್ದವನಿಗೆ ಕಣ್ಣು ಕತ್ತಲೆ ಬಂದು ಬಾಗಿಲಿಗೆ ಹಣೆ ಬಡಿಯಿತು. ಮೀಟರಿನಲ್ಲಿ ಮೇಲಿನ ಅಂಕಿ ತೊಂಬತ್ತರ ಚಿಲ್ಲರೆ. ಡಾಕ್ಟರು ಬೈದು ಮಾತ್ರೆ ಅರ್ಧ ಮಾಡಿದರು. ಸಕ್ಕರೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲೇ ಕೇಳಿ, ನನ್ನ ಹಾಗೆ ಬಿದ್ದ ಮೇಲೆ ಅಲ್ಲ.

ಮಧ್ಯೆ ತಲೆಹರಟೆ ಪ್ರಯೋಗಗಳೂ ನಡೆದವು. ಗ್ಲುಕೋಮೀಟರ್ ಇಟ್ಟುಕೊಂಡು ಅದೇ ಅನ್ನ, ಅದೇ ಬೇಳೆ, ಅದೇ ತರಕಾರಿ, ತಿನ್ನುವ ಸರದಿ ಮಾತ್ರ ಬದಲಿಸಿ ನೋಡಿದೆ. ಅನ್ನ ಮೊದಲಾದರೆ ಉಂಡ ಒಂದು ಗಂಟೆಗೆ ರಕ್ತದ ಸಕ್ಕರೆ 170ರ ಸುತ್ತ. ತರಕಾರಿ, ಬೇಳೆ ಮೊದಲು ತಿಂದು ಅನ್ನ ಕೊನೆಗೆ ಇಟ್ಟುಕೊಂಡರೆ 140 ದಾಟಲಿಲ್ಲ. ಮೂರು ಮೂರು ಸಲ ಮಾಡಿದೆ, ಬೆರಳ ತುದಿಗಳು ಜರಡಿಯಾದವು, ಸ್ಟ್ರಿಪ್ಪಿನ ಖರ್ಚು ಊಟದ ಖರ್ಚನ್ನು ಮೀರಿತು. ವಿನೆಗರ್ ಎರಡು ವಾರ ಕುಡಿದೆ, ಹಲ್ಲು ಜುಂ ಅಂದದ್ದೇ ಲಾಭ. ನಿಂತು ಕೆಲಸ ಮಾಡುವ ಮೇಜಿನಿಂದ ಮಂಡಿ ನೋವು. ನಿದ್ದೆಯದ್ದು ಮಾತ್ರ ಆಶ್ಚರ್ಯ. ಐದು ಗಂಟೆ ಮಲಗಿದ ಮರುದಿನ ನಾಲ್ಕು ಗಂಟೆಗೆ ಕೈ ತಾನಾಗಿ ಸಿಹಿ ಡಬ್ಬಕ್ಕೆ ಹೋಗುತ್ತಿತ್ತು. ಏಳೂವರೆ ಗಂಟೆ ಮಲಗಿದರೆ ಡಬ್ಬ ಎಲ್ಲಿದೆ ಅಂತಲೂ ನೆನಪಾಗುತ್ತಿರಲಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಹಟವನ್ನೂ ಬಿಟ್ಟೆ. ಆ ಸಂಖ್ಯೆ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ಪ್ರಯೋಗಶಾಲೆಯಿಂದಲ್ಲ. ನನಗೆ ಏಳು ಸಾವಿರಕ್ಕೇ ಕೆಲಸ ಆಯಿತು, ಅದರಲ್ಲಿ ಒಂದು ಪಾಲು ಊಟದ ಬೆನ್ನಿಗೇ ನಡೆದದ್ದು.

ಒಂಬತ್ತು ಗಂಟೆಗೆ ಬರುವ ಕಳ್ಳ ಹಸಿವನ್ನು ಏನು ಮಾಡಿದೆ, ಮನೆಮಂದಿಯನ್ನೆಲ್ಲ ಏಳು ಗಂಟೆಗೆ ಊಟಕ್ಕೆ ಹೇಗೆ ಕೂರಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ಮೊದಲನೆಯದು ತೀರಾ ಬಾಲಿಶ, ಎರಡನೆಯದು ಬರೆದರೆ ನಾಳೆ ಮನೆಯಲ್ಲಿ ಕೆಲಸ ಮಾಡದು.

ಈಗ ಮೂರು ತಿಂಗಳಿಂದ 77ರಲ್ಲೇ ಕೂತಿದ್ದೇನೆ. ಕೊಬ್ಬಿನ ಜೊತೆ ಸ್ನಾಯುವೂ ಹೋಗಿದೆ ಅಂತ ಅನುಮಾನ ಬಂದದ್ದು ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗದೆ ಮಗಳ ಕೈಗೆ ಕೊಟ್ಟ ದಿನ. ತೊಡೆ ಅಳೆದರೆ ಅದೂ ನಾಲ್ಕು ಸೆಂಟಿಮೀಟರ್ ಸಣ್ಣಗಾಗಿದೆ. ಮೊದಲಿನಿಂದಲೇ ಭಾರ ಎತ್ತಬೇಕಿತ್ತು, ಜಿಮ್ಮಿನ ಸಿಟ್ಟಿಗೆ ಎತ್ತಲಿಲ್ಲ. ಈಗ ಹಳೇ ಪುಸ್ತಕ ತುಂಬಿದ ಚೀಲ ಬೆನ್ನಿಗೇರಿಸಿ ದಿನ ಬಿಟ್ಟು ದಿನ ಮೂವತ್ತು ಬಸ್ಕಿ. ಚೀಲ ಎಂಟು ಕೆಜಿ ಇದೆ, ಮುಂದಿನ ವಾರ ಹತ್ತು.