ಮನೆಯ ವರ್ಷಕ್ಕೆ ಒಂದು ಕಿರ್ದಿ, ಒಂದು ಖತಾವಣಿ

ಹುಬ್ಬಳ್ಳಿ ಪೇಟೆಯಲ್ಲಿ ಲೆಕ್ಕ ಬರೆಯುವವರ ಹತ್ತಿರ ಎರಡು ವಹಿ, ಅಂದರೆ ಲೆಕ್ಕದ ಪುಸ್ತಕ, ಇರುತ್ತಿದ್ದವು. ಅಂದಂದಿನ ವ್ಯವಹಾರ ಬಂದ ಸಾಲಿನಲ್ಲೇ ಕಿರ್ದಿಗೆ ಬೀಳುತ್ತಿತ್ತು. ಬಿಡುವಾದಾಗ ಅದನ್ನೇ ಹೆಸರುವಾರು ಬಿಡಿಸಿ ಖತಾವಣಿಗೆ ಏರಿಸುತ್ತಿದ್ದರು. ಮನೆಯ ವರ್ಷವನ್ನು ಬರೆದಿಡಲು ಹೊರಟವರು ಸಂಕ್ರಾಂತಿ ದಾಟುವಷ್ಟರಲ್ಲಿ ಕೈಬಿಡುವುದೇಕೆಂದರೆ, ದಿನಾ ರಾತ್ರಿ ಖತಾವಣಿ ಬರೆಯಲು ಕೂರುತ್ತಾರೆ. ಮದುವೆ, ಪರೀಕ್ಷೆ, ತಿರುಗಾಟ, ಸಂಗೀತದ ಕ್ಲಾಸು ಎಂದು ಎಲ್ಲರೂ ಓಡಾಡುವ ಮನೆಯಲ್ಲಿ ಅದು ಆಗದ ಮಾತು. ಕಿರ್ದಿಗೆ ಅರ್ಧ ನಿಮಿಷ ಸಾಕು. ಖತಾವಣಿಗೆ ತಿಂಗಳಿಗೊಂದು ತಾಸು. ನಾವು ನಡೆಸಿಕೊಂಡು ಬಂದಿರುವುದು ಇಷ್ಟೇ.

ವರ್ಷವನ್ನು ಜನವರಿಯಿಂದ ಹಿಡಿಯಬೇಡಿ. ಆಗ ಶಾಲೆಯ ವರ್ಷ ಅರ್ಧಕ್ಕೆ ನಿಂತಿರುತ್ತದೆ. ಯುಗಾದಿ ಪರೀಕ್ಷೆಯ ಗದ್ದಲದಲ್ಲಿ ಬರುತ್ತದೆ. ದೀಪಾವಳಿ ಪಾಡ್ಯವೇ ಸರಿ: ಅಂಗಡಿಗಳಲ್ಲಿ ಹೊಸ ವಹಿ ಪೂಜೆಗೆ ಕೂರುವುದು ಅದೇ ಹಬ್ಬಕ್ಕಾದ್ದರಿಂದ ಕೆಂಪು ಬಟ್ಟೆಯ ರಟ್ಟಿನ ವಹಿ ಆ ವಾರ ಎಲ್ಲೆಡೆ ಸಿಗುತ್ತದೆ, ಮಳೆ ಹಿಂದೆ ಸರಿದು ಹವೆ ಒಣಗಿರುತ್ತದೆ, ಚಳಿಗಾಲದ ತಿರುಗಾಟ ಇನ್ನೂ ಶುರುವಾಗಿರುವುದಿಲ್ಲ. ತೊಡಕು ಒಂದಿದೆ. ಈ ವರ್ಷಗಳು ಒಂದೇ ಅಳತೆಯವಲ್ಲ. 2024ರ ನವೆಂಬರ್ 2ರ ಪಾಡ್ಯದಿಂದ 2025ರ ಅಕ್ಟೋಬರ್ 21ರ ಅಮಾವಾಸ್ಯೆಗೆ 354 ದಿನ. 2025ರ ಅಕ್ಟೋಬರ್ 22ರಿಂದ ಹಿಡಿದ ವರ್ಷ 2026ರ ನವೆಂಬರ್ 9ಕ್ಕೆ ಮುಗಿಯುತ್ತದೆ, 384 ದಿನ, ಯಾಕೆಂದರೆ ನಡುವೆ ಅಧಿಕ ಜ್ಯೇಷ್ಠ ಇದೆ. ಅಂಥ ವರ್ಷಕ್ಕೆ ವಹಿಯಲ್ಲಿ 13 ತಿಂಗಳ ಜಾಗ ಬಿಡಬೇಕು. ಅಧಿಕದಲ್ಲಿ ಮದುವೆ, ಗೃಹಪ್ರವೇಶ ಇಡದ ಕಾರಣ ಲಗ್ನಪತ್ರಿಕೆಗಳೆಲ್ಲ ಅದರ ಹಿಂದೆ ಮುಂದೆ ಒತ್ತಿಕೊಂಡು ಬರುತ್ತವೆ. ಆ ತಿಂಗಳು ಅಳಿಯನಿಗೆ 33 ಅನಾರಸ ಎಂಬ ಸಿಹಿತಿಂಡಿ ಕೊಡುವ ಮನೆಗಳಿಗೆ ಅದೇ ಒಂದು ಬೇರೆ ಕೆಲಸ.

ಕಿರ್ದಿ ಎಂದರೆ ಗೋಡೆಯ ಕ್ಯಾಲೆಂಡರ್. ತಿಥಿ ಇರುವಂಥದ್ದು, ತಾರೀಖಿನ ಒಂದೊಂದು ಮನೆ ಕನಿಷ್ಠ ಎರಡು ಇಂಚು ಅಗಲದ್ದು ಬೇಕು. ಅಜ್ಜನ ಶ್ರಾದ್ಧ ತಿಥಿಗೆ ಬರುತ್ತದೆ, ಪಿಂಚಣಿಯ ಜೀವಂತ ಪ್ರಮಾಣಪತ್ರ ನವೆಂಬರ್‌ಗೆ ಬರುತ್ತದೆ; ಎರಡೂ ಒಂದೇ ಹಾಳೆಯಲ್ಲಿ ಕಾಣಬೇಕು. ಪಡಸಾಲೆಯಲ್ಲಿ ತೂಗುಹಾಕಿದರೆ ಯಾರೂ ಬರೆಯುವುದಿಲ್ಲ. ಒಲೆಯ ಹತ್ತಿರ ಒಗ್ಗರಣೆಯ ಜಿಡ್ಡು ಹತ್ತುತ್ತದೆ. ಫ್ರಿಜ್ಜಿನ ಪಕ್ಕ ಸರಿಯಾದ ಜಾಗ. ದಾರ ಕಟ್ಟಿ ತೂಗುಬಿಡುವುದು ಪೆನ್ಸಿಲ್ ಆಗಿರಲಿ, ಬಾಲ್ ಪೆನ್ ಬೇಡ: ಗೋಡೆಗೆ ಅಡ್ಡ ಹಿಡಿದು ಬರೆದರೆ ಶಾಯಿ ತುದಿಗೆ ಇಳಿಯದೆ ಒಂದೇ ಸಾಲಿಗೆ ಕೈಕೊಡುತ್ತದೆ, ಪೆನ್ನು ಕೈಕೊಟ್ಟ ದಿನದಿಂದ ಬರೆಯುವುದೂ ನಿಲ್ಲುತ್ತದೆ. ಒಂದು ದಿನಕ್ಕೆ ಆರೇಳು ಶಬ್ದ, ಹೆಚ್ಚಿಲ್ಲ. ‘ಚಿಗವ್ವ ಬಂದ್ಲು. ಸಣ್ಣಾವನ ಹಲ್ಲು ಬಿತ್ತು, ಕೆಳಗಿಂದು.’ ಮನೆಯ ಮಾತಿನಲ್ಲೇ ಬರೆಯಲಿ, ತಿದ್ದಬೇಡಿ. ಫೋನಿನ ಕ್ಯಾಲೆಂಡರ್ ಗಂಟೆ ಬಾರಿಸಲು ಒಳ್ಳೆಯದು, ಆದರೆ ಅದು ಒಬ್ಬರದೇ. ಅಜ್ಜಿಗೂ ಮೂರನೇ ಇಯತ್ತೆಯ ಹುಡುಗನಿಗೂ ಕಾಣುವುದಿಲ್ಲ.

ಮುಂದಿನ ಕೆಲಸವನ್ನೂ ಇದರಲ್ಲೇ ಗುರುತಿಸುತ್ತೇವೆ, ಆದರೆ ಕೆಲಸದ ದಿನದಲ್ಲಲ್ಲ, ಅದಕ್ಕೆ ಕೈ ಹಾಕಬೇಕಾದ ದಿನದಲ್ಲಿ. ರೈಲಿನ ಟಿಕೆಟ್ ಒಳ್ಳೆಯ ಉದಾಹರಣೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನದ್ದು, ಪ್ರಯಾಣದ ದಿನ ಬಿಟ್ಟು. 2026ರ ಗಣೇಶ ಚೌತಿ ಸೆಪ್ಟೆಂಬರ್ 14, ಸೋಮವಾರ. ಬೆಂಗಳೂರಿನಲ್ಲಿರುವವರು ಶುಕ್ರವಾರ 11ರ ರಾತ್ರಿ ಹೊರಡುವುದಾದರೆ ಬುಕಿಂಗ್ ತೆರೆಯುವುದು ಜುಲೈ 13ರ ಬೆಳಿಗ್ಗೆ 8ಕ್ಕೆ. ಕ್ಯಾಲೆಂಡರಿನಲ್ಲಿ ‘ಟಿಕೆಟ್’ ಎಂಬ ಶಬ್ದ ಬರೆಯಬೇಕಾದದ್ದು ಆ ತಾರೀಖಿನ ಮನೆಯಲ್ಲಿ. ಇಲ್ಲಿ ಎರಡು ತಪ್ಪಾಗುತ್ತವೆ. ರಾತ್ರಿ 12 ದಾಟಿ ಹೊರಡುವ ಗಾಡಿ ಮರುದಿನದ ತಾರೀಖಿನದು. ಹಾಗೆಯೇ ದೂರದಿಂದ ಬರುವ ಗಾಡಿಗೆ 60 ದಿನ ಎಣಿಸುವುದು ಅದು ಹುಟ್ಟುವ ನಿಲ್ದಾಣದ ತಾರೀಖಿನಿಂದ, ನಾವು ಹತ್ತುವ ನಿಲ್ದಾಣದ್ದರಿಂದ ಅಲ್ಲ.

ಖತಾವಣಿಗೆ 200 ಪುಟದ, ಹೊಲಿಗೆ ಹಾಕಿದ ವಹಿ ತೆಗೆದುಕೊಳ್ಳಿ. ಅಂಟಿಸಿದ ಬೆನ್ನಿನದು ವರ್ಷ ತಾಳದು. ಫೋಟೋ ಅಂಟಿಸುವುದಾದರೆ ವಹಿ ಉಬ್ಬಿ ಬೆನ್ನು ಬಿರಿಯುತ್ತದೆ. ಅದಕ್ಕೆ ಉಪಾಯ, ಪ್ರತಿ ಎಂಟನೆಯ ಹಾಳೆಯನ್ನು ಹೊಲಿಗೆಯಿಂದ ಒಂದೂವರೆ ಸೆಂ.ಮೀ. ಬಿಟ್ಟು ಕತ್ತರಿಸಿ ತೆಗೆಯುವುದು. ಉಳಿದ ಪಟ್ಟಿ ಬೆನ್ನಿಗೆ ದಪ್ಪ ಕೊಡುತ್ತದೆ. ಒಬ್ಬೊಬ್ಬರಿಗೆ ಎಂಟು ಪುಟದ ಖಾತೆ, ಆಮೇಲೆ ಮನೆಯ ಖಾತೆ, ಪ್ರವಾಸದ್ದು, ಹವ್ಯಾಸದ್ದು, ಕೊನೆಗೆ ಆಹೇರಿಯದು, ಅಂದರೆ ಮದುವೆ ಮುಂಜಿಗಳಲ್ಲಿ ಕೊಟ್ಟು ತಂದ ಉಡುಗೊರೆಯದು. ಪ್ರತಿ ಅಮಾವಾಸ್ಯೆ ಸಂಜೆ ಕ್ಯಾಲೆಂಡರ್ ಕೆಳಗಿಳಿಸಿ, ಒಬ್ಬರು ಓದುವುದು, ಒಬ್ಬರು ಏರಿಸುವುದು. ಏರಿಸಿದ್ದಕ್ಕೆ ಪೆನ್ಸಿಲಿನಲ್ಲೇ ಒಂದು ಅಡ್ಡಗೆರೆ. ಎರಡು ತಿಂಗಳು ಬಿಟ್ಟರೆ ‘ಹಲ್ಲು ಬಿತ್ತು’ ಯಾರದೆಂದು ಜಗಳ ಬೀಳುತ್ತದೆ.

ಒಬ್ಬೊಬ್ಬರ ಖಾತೆಗೆ ಏನು ಏರಬೇಕು? ಎಸ್ಸೆಸ್ಸೆಲ್ಸಿ ಅಂಕ ಹೇಗೂ ಅಂಕಪಟ್ಟಿಯಲ್ಲಿರುತ್ತದೆ. ಯಾವ ಸೆಂಟರ್, ಹೇಗೆ ಹೋದರು, ಗಣಿತದ ದಿನ ಏನು ಉಂಡು ಹೋದರು ಎಂಬುದು ಎಲ್ಲಿಯೂ ಇರುವುದಿಲ್ಲ, ಅದನ್ನು ಬರೆಯಿರಿ. ಅಜ್ಜಿಗೆ ಕಣ್ಣಿನ ಆಪರೇಷನ್ ಆದರೆ ಎಡಗಣ್ಣೋ ಬಲಗಣ್ಣೋ, ತಾರೀಖು, ಒಳಗೆ ಕೂರಿಸಿದ ಲೆನ್ಸಿನ ನಂಬರು. ಇನ್ನೊಂದು ಕಣ್ಣಿಗೆ ಹೋದಾಗ ಡಾಕ್ಟರು ಮೊದಲು ಕೇಳುವುದೇ ಅದನ್ನು.

ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿಗೆ ಗುರುತು ಹಾಕುವ ಪದ್ಧತಿ ಚಂದ, ಆದರೆ ಒಂದು ಸಲ ಪೇಂಟ್ ಬಳಿದರೆ, ಬಾಡಿಗೆ ಮನೆ ಬಿಟ್ಟರೆ, ಎಲ್ಲ ಹೋಯಿತು. ನಾಲ್ಕು ಇಂಚು ಅಗಲ, ಐದು ಅಡಿ ಉದ್ದದ ಕಟ್ಟಿಗೆ ಪಟ್ಟಿಯೊಂದನ್ನು ಕೆಳತುದಿ ನೆಲದಿಂದ ಸರಿಯಾಗಿ 50 ಸೆಂ.ಮೀ. ಇರುವಂತೆ ಗೋಡೆಗೆ ಎರಡು ಸ್ಕ್ರೂ ಹಾಕಿ ನಿಲ್ಲಿಸಿ, ಆ 50 ಎಂಬ ಅಂಕಿಯನ್ನು ಪಟ್ಟಿಯ ಮೇಲೇ ಬರೆಯಿರಿ. ಮನೆ ಬದಲಾದರೆ ಹೊಸ ಮನೆಯಲ್ಲೂ ಅಷ್ಟೇ ಎತ್ತರಕ್ಕೆ ಕೂರಬೇಕು. ಬರಿಗಾಲು, ಹಿಮ್ಮಡಿ ಗೋಡೆಗೆ, ತಲೆಯ ಮೇಲೆ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಮಟ್ಟ ಹಿಡಿಯುವುದು. ಯಾವಾಗಲೂ ಬೆಳಿಗ್ಗೆಯೇ ಅಳೆಯಬೇಕು. ದಿನವಿಡೀ ಓಡಾಡಿದ ಮೇಲೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಕುಗ್ಗಿ ಸಂಜೆಗೆ ಒಂದು ಸೆಂ.ಮೀ. ಹತ್ತಿರ ಕಡಿಮೆ ಬರುತ್ತದೆ. ಹೋದ ಸಲ ಬೆಳಿಗ್ಗೆ, ಈ ಸಲ ಸಂಜೆ ಅಳೆದರೆ ಹುಡುಗಿ ಬೆಳೆದೇ ಇಲ್ಲ ಎನ್ನಿಸುತ್ತದೆ.

ಪ್ರವಾಸದ ಖಾತೆಗೆ ಅಂದೇ ರಾತ್ರಿ ನಾಲ್ಕು ಸಾಲು: ಎಷ್ಟು ಕಿ.ಮೀ., ಎಷ್ಟು ಖರ್ಚು, ಯಾವುದು ಬಾಗಿಲು ಹಾಕಿತ್ತು, ಮುಂದಿನ ಸಲ ಏನು ಮಾಡಬಾರದು. ಕೊನೆಯ ಸಾಲೇ ಬೆಲೆಯುಳ್ಳದ್ದು. ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ನೋಡಿಕೊಂಡು 12 ಕಿ.ಮೀ. ದೂರದ ಲಕ್ಕುಂಡಿಗೆ ಹೋದವರ ಫೋನಿನಲ್ಲಿ ಸಂಜೆಗೆ ಇನ್ನೂರು ಚಿತ್ರ ಇರುತ್ತವೆ, ಎಲ್ಲ ಅದೇ ಹಸಿರುಗಪ್ಪು ಕಲ್ಲು, ಅದೇ ತಿರುಗಣಿ ಕಂಬ. ‘ಯಾವ ಗುಡೀದಿದು?’ ಎಂದು ಮರುವಾರ ಕೇಳಿದರೆ ಉತ್ತರವಿಲ್ಲ. ಅದಕ್ಕೆ ಗುಡಿಗೆ ಕಾಲಿಡುವ ಮುಂಚೆ ಪುರಾತತ್ವ ಇಲಾಖೆಯ ಫಲಕದ್ದು ಒಂದು ಚಿತ್ರ, ಹೊರಗೆ ಬಂದ ಮೇಲೆ ನೆಲದ್ದೊಂದು. ಎರಡರ ನಡುವೆ ಇದ್ದದ್ದೆಲ್ಲ ಆ ಗುಡಿಯದು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೂ ಮುಸುಕಿನ ಬಾವಿಯ ಪಕ್ಕದ ಮಾಣಿಕೇಶ್ವರಕ್ಕೂ ಗೊಂದಲ ಆಗುವುದಿಲ್ಲ. ಕಾಶಿವಿಶ್ವನಾಥದಲ್ಲಿ ಎರಡು ಗರ್ಭಗುಡಿ ಎದುರುಬದುರು ಇವೆ: ಪೂರ್ವಕ್ಕಿರುವ ಸೂರ್ಯನ ಗುಡಿಯ ಹಿಂಗೋಡೆಗೆ ಬೆಳಿಗ್ಗೆ ಬಿಸಿಲು, ಶಿವನ ಗುಡಿಯ ಹಿಂಗೋಡೆಗೆ ಸಂಜೆ. ನಡುಹಗಲು ಹೋದರೆ ಕೆತ್ತನೆಯ ಮೇಲೆ ಕಪ್ಪು ನೆರಳು, ಕಾಲ ಕೆಳಗೆ ಸುಡುವ ಹಾಸುಗಲ್ಲು. ಸಾಕ್ಸ್ ಒಯ್ಯಿರಿ.

ಟಿಕೆಟ್ ಅಂಟಿಸುವ ಆಸೆ ಎಲ್ಲರಿಗೂ ಇರುತ್ತದೆ. ಬಸ್ಸಿನ ಮಷೀನಿನ ಚೀಟಿ, ಪೆಟ್ರೋಲ್ ಬಿಲ್ಲು, ಎಟಿಎಂ ಚೀಟಿ ಇವೆಲ್ಲ ಶಾಖಕ್ಕೆ ಕಪ್ಪಾಗುವ ಕಾಗದ. ಅಲ್ಲಿ ಶಾಯಿಯೇ ಇಲ್ಲ. ಬಿಸಿಲಿಗೆ, ಅಂಟಿಗೆ, ಪಿವಿಸಿ ಪ್ಲಾಸ್ಟಿಕ್ ಚೀಲಕ್ಕೆ ಅಕ್ಷರ ಮಾಯವಾಗುತ್ತದೆ. ಝೆರಾಕ್ಸ್ ತೆಗೆಸಿ ಅದನ್ನು ಅಂಟಿಸಿ. ಸ್ಟೇಪ್ಲರ್ ಪಿನ್ನು ಮಾತ್ರ ಎಲ್ಲಿಯೂ ಬೇಡ, ಧಾರವಾಡದ ಒಂದು ಮಳೆಗಾಲ ಸಾಕು ತುಕ್ಕಿನ ಕಲೆ ಮೂರು ಪುಟ ದಾಟಲು.

ಹವ್ಯಾಸವನ್ನು ಬರೆಯುವುದು ಕಷ್ಟ, ಯಾಕೆಂದರೆ ಅದರಲ್ಲಿ ದಿನಕ್ಕೊಂದು ಘಟನೆ ಇರುವುದಿಲ್ಲ. ತಬಲಾ, ಹಾಡುಗಾರಿಕೆ ಕಲಿಯುವವರದು ಪ್ರತಿ ಹುಣ್ಣಿಮೆಗೆ ಎರಡು ನಿಮಿಷ ರೆಕಾರ್ಡ್ ಮಾಡಿ. ವರ್ಷವಿಡೀ ಅದೇ ಚೀಜು, ಅಂದರೆ ಅದೇ ರಚನೆ, ಅದೇ ಕೋಣೆ. ಹೊಸದು ಹೊಸದು ನುಡಿಸಿದರೆ ಎಷ್ಟು ಮುಂದೆ ಹೋದರೆಂದು ಕೇಳಿ ತಿಳಿಯಲಾಗದು. ಹಕ್ಕಿ ನೋಡುವವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ನವೆಂಬರ್‌ನಿಂದ ಫೆಬ್ರವರಿ. ತಾರೀಖು, ಹೊತ್ತು, ಅಂದಾಜು ಎಣಿಕೆ ಬರೆದರೆ ಸಾಕು.

ಕಸೂತಿ ಮಾತ್ರ ಹೆಚ್ಚು ಜಾಗ ಕೇಳುತ್ತದೆ. ಬಟ್ಟೆಯ ಮೇಲೆ ಗೀಚದೆ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ನಕ್ಷೆ ಉಳಿಯುವುದು ಕಾಗದದ ಮೇಲೊಂದೇ. ಗ್ರಾಫ್ ಹಾಳೆಯಲ್ಲಿ ಗೋಪುರ, ತೇರು, ಅಂಬಾರಿ ಬಿಡಿಸಿ, ಒಂದು ಚೌಕಕ್ಕೆ ಎಷ್ಟು ಎಳೆ ಎಂದು ಮೂಲೆಯಲ್ಲಿ ಬರೆಯಬೇಕು. ಮೊದಲು 20 ಚೌಕ ಅಡ್ಡ, 20 ಉದ್ದ ಹಾಕಿ ಅಳೆಯಿರಿ. ಕೈಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕು ಒಂದೇ ಒತ್ತಾಗಿರುವುದಿಲ್ಲ, ಕಾಗದದ ಗೋಪುರ ಸೀರೆಯಲ್ಲಿ ಉದ್ದವಾಗುತ್ತದೆ ಇಲ್ಲವೇ ಕುಳ್ಳಾಗುತ್ತದೆ. ಗವಂತಿ ಎಂಬ ಹೊಲಿಗೆ ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುವುದು. ಆದ್ದರಿಂದ ಸೂಜಿ ಯಾವ ಕವಲಿಗೆ ಯಾವಾಗ ಹೊರಳಿತೆಂದು ನಕ್ಷೆಯ ಮೇಲೇ 1, 2, 3 ಎಂದು ಬರೆಯದಿದ್ದರೆ ಮರಳುವಾಗ ತುಂಡು ಉಳಿಯುತ್ತದೆ, ಗಂಟು ಹಾಕದೆ ಗತಿಯಿಲ್ಲ, ಗಂಟು ಹಾಕಿದರೆ ಅದು ಕಸೂತಿಯೇ ಅಲ್ಲ. ಹಿಂಬದಿಯ ಚಿತ್ರವನ್ನೂ ತೆಗೆದಿಡಿ. ಗವಂತಿ, ಮೆಟ್ಟಿಲಿನಂತೆ ಸಾಗುವ ಮುರ್ಗಿ ಎರಡೂ ಬದಿ ಒಂದೇ ಕಾಣಬೇಕು. ನೇಗಿ, ಮೆಂತ್ಯೆ ಎಂಬ ಹೊಲಿಗೆಗಳಿಗೆ ಆ ಕಟ್ಟಿಲ್ಲ. ದಾರದ ಲಡಿಯ ನಂಬರಿನ ಪಕ್ಕ ಎರಡು ಇಂಚು ದಾರ ಅಂಟಿಸಿದರೆ ಮುಂದಿನ ವರ್ಷ ಬಣ್ಣ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.

ಫೋಟೋ ತಿಂಗಳಿಗೆ ಐದು. ಆರಿಸುವುದು ಅಮಾವಾಸ್ಯೆಗೇ, ಪ್ರಿಂಟ್ ಹಾಕಿಸುವುದು ವರ್ಷಕ್ಕೊಮ್ಮೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಕಿರಿದಾಗಿರುತ್ತದೆ, ತೆಗೆದ ದಿನದ ಮಾಹಿತಿಯೂ ಅಳಿಸಿರುತ್ತದೆ. ಹೆಸರಿನಲ್ಲಿ ಕಾಣುವ 20251022 ಎಂಬಂಥ ಅಂಕಿ ತೆಗೆದ ದಿನವಲ್ಲ, ಕೈಗೆ ಬಂದ ದಿನ. ಮದುವೆಯ ಚಿತ್ರ ಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. 4×6 ಇಂಚಿಗೆ 1200×1800 ಪಿಕ್ಸೆಲ್ ಇದ್ದರೆ ಸ್ವಚ್ಛ ಬರುತ್ತದೆ. ಇನ್ನೊಂದು ಮೋಸ ಆಕಾರದ್ದು: ಫೋನಿನ ಚಿತ್ರ 4:3, ಕಾಗದ 3:2. ಆರು ಇಂಚು ಅಗಲಕ್ಕೆ ಚಿತ್ರದ ಎತ್ತರ ನಾಲ್ಕೂವರೆ ಇಂಚು ಬರುತ್ತದೆ, ಕಾಗದ ನಾಲ್ಕೇ ಇಂಚು. ಹೋಗುವ ಅರ್ಧ ಇಂಚಿನಲ್ಲಿ ಹಿಂದಿನ ಸಾಲಿನವರ ರುಮಾಲು ಹೋಗುತ್ತದೆ. ಗುಂಪಿನ ಚಿತ್ರಕ್ಕೆ ಮೇಲೆ ಕೆಳಗೆ ಜಾಗ ಬಿಟ್ಟೇ ತೆಗೆಯಿರಿ.

ಅಂಟಿಸಲು ನಾಲ್ಕು ಮೂಲೆಗೆ ಹಚ್ಚುವ ಕಾಗದದ ಕಾರ್ನರ್ ಒಳ್ಳೆಯದು. ನೀರಿನ ಅಂಶದ ಅಂಟು ಹಾಳೆಯನ್ನು ಸುಕ್ಕು ಮಾಡುತ್ತದೆ, ಮೈದಾ ಗಂಜಿಗೆ ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳ ಬರುತ್ತದೆ. ಆಷಾಢ ಶ್ರಾವಣದಲ್ಲಿ ಈ ಕೆಲಸ ಹಿಡಿಯಬೇಡಿ, ಆರುವುದಿಲ್ಲ. ಫೋಟೋದ ಹಿಂದೆ ಹೆಸರು ಬರೆಯುವುದು ಮೆತ್ತನೆ ಪೆನ್ಸಿಲಿನಲ್ಲಿ; ಬಾಲ್ ಪೆನ್ ಒತ್ತಿದರೆ ಮುಂದೆ ಮುಖದ ಮೇಲೆ ಗೆರೆ ಮೂಡುತ್ತದೆ. ಡಬ್ಬಿಯಲ್ಲಿ ಬೇವಿನೆಲೆ ಇಡುವವರಿದ್ದಾರೆ. ಪುಡಿಯಾಗಿ ಪುಟದೊಳಗೆ ಉದುರುವುದೊಂದೇ ನಾವು ಕಂಡ ಫಲ. ಸಿಲಿಕಾ ಜೆಲ್ ಇಡುತ್ತೇವೆ.

ಆಶ್ವಯುಜ ಅಮಾವಾಸ್ಯೆ ಸಂಜೆ ಪ್ರತಿ ಖಾತೆಯ ಕೆಳಗೆ ಜೋಡಿ ಗೆರೆ ಎಳೆದು, ಆಗದೆ ಉಳಿದದ್ದನ್ನು ಶಿಲ್ಕು ಎಂದು ಬರೆಯುತ್ತೇವೆ: ನೋಡಲಾಗದ ಡಂಬಳದ ದೊಡ್ಡಬಸಪ್ಪ ಗುಡಿ, ಹಾನಗಲ್ಲಿನ ತಾರಕೇಶ್ವರ ಗುಡಿ, ಅರ್ಧಕ್ಕೆ ನಿಂತ ಸೆರಗು. ಹೊಸ ವಹಿಯ ಮೊದಲ ಪುಟ ಅದೇ, ಆರಂಭದ ಶಿಲ್ಕು. ಸತತ ಮೂರು ವರ್ಷ ಶಿಲ್ಕಿಗೆ ಬಂದದ್ದನ್ನು ನಾಲ್ಕನೆಯ ವರ್ಷ ಏರಿಸುವುದಿಲ್ಲ. ಕೆಂಪು ಶಾಯಿಯಲ್ಲಿ ‘ಮುಳುಗಿತು’ ಎಂದು ಬರೆದು ಬಿಟ್ಟುಬಿಡುತ್ತೇವೆ. ಆಹೇರಿ ಖಾತೆಗೆ ಈ ನಿಯಮವಿಲ್ಲ. ಅದು ಇಪ್ಪತ್ತು ವರ್ಷವಾದರೂ ಶಿಲ್ಕೇ.